ಮೈಕ್ರೋಟಿಕ್ ಹೆಕ್ಸ್ ರೌಟರ್: ಏಳು ವರ್ಷ ಬಳಸಿದ ಮೇಲೆ

ಧಾರವಾಡದ ಸಪ್ತಾಪುರದಲ್ಲಿ ನಾವೊಂದು ವಾಚನಾಲಯ ನಡೆಸುತ್ತೇವೆ. ಕೆಎಎಸ್, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಗ್ಗೆ ಆರಕ್ಕೇ ಬಂದು ಕೂರುತ್ತಾರೆ. ತೊಂಬತ್ತು ಕುರ್ಚಿ, ಮೂರು ವೈಫೈ ಆಕ್ಸೆಸ್ ಪಾಯಿಂಟ್, ಒಂದೇ ಒಂದು ಫೈಬರ್ ಲೈನ್. ಇಷ್ಟಕ್ಕೂ ತಲೆಬಾಗಿಲು ಅಂದರೆ ಈ ರೌಟರ್. 2018ರ ಜೂನ್‌ನಲ್ಲಿ ತಂದೆ, ಆಗ ಸುಮಾರು ನಾಲ್ಕೂವರೆ ಸಾವಿರ ರೂಪಾಯಿ. ಮಾದರಿ ಆರ್‌ಬಿ750ಜಿಆರ್3. ಐದು ಗಿಗಾಬಿಟ್ ಪೋರ್ಟ್, 880 ಮೆಗಾಹರ್ಟ್ಜ್‌ನ ಎರಡು ಕೋರ್ ಪ್ರೊಸೆಸರ್, 256 ಎಂಬಿ ರ್‍ಯಾಮ್. ಫ್ಯಾನ್ ಇಲ್ಲ, ವೈಫೈ ಕೂಡ ಇಲ್ಲ.

ಇದರ ವೇಗದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಿರುವುದು ಬೇರೆ. ಯಾರೋ ಬೇಕಂತಲೇ ಟ್ರಾಫಿಕ್ ಸುರಿದು ನಮ್ಮ ನೆಟ್ ಕೆಡವಲು ನೋಡಿದರೆ ಈ ಪುಟ್ಟ ಪೆಟ್ಟಿಗೆ ತಡೆದುಕೊಳ್ಳುತ್ತದಾ? ಇದನ್ನೇ ಡಿನಯಲ್ ಆಫ್ ಸರ್ವಿಸ್ ದಾಳಿ, ಚಿಕ್ಕದಾಗಿ ಡಾಸ್ ಅನ್ನುವುದು. ಏಳು ವರ್ಷದಲ್ಲಿ ಮೂರು ಸಲ ಇದು ನಮ್ಮ ಮೇಲೆ ಬಂತು. ಮೂರೂ ಬೇರೆ ಬೇರೆ ಥರ.

ಮೊದಲನೆಯದು ನನ್ನ ತಪ್ಪು. ಹೆಕ್ಸ್ ಪೆಟ್ಟಿಗೆಯಿಂದ ಹೊರಬರುವಾಗಲೇ ಒಂದು ಫೈರ್‌ವಾಲ್, ಅಂದರೆ ಯಾವ ಟ್ರಾಫಿಕ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ರೂಲ್‌ಗಳ ಪಟ್ಟಿ, ಹಾಕಿಕೊಂಡೇ ಬರುತ್ತದೆ. ಅದು ಒಳ್ಳೆಯ ಫೈರ್‌ವಾಲ್. ಆದರೆ ಯಾವುದೋ ವಿಡಿಯೋದಲ್ಲಿ ‘ಮೊದಲು ಎಲ್ಲ ಅಳಿಸಿ, ಖಾಲಿಯಿಂದ ಶುರು ಮಾಡಿ’ ಅಂದಿದ್ದರು. ಹಾಗೇ ಮಾಡಿದೆ. ಹುಡುಗರ ಫೋನ್‌ಗಳಿಗೆ ಡಿಎನ್‌ಎಸ್ (ಸೈಟ್‌ನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ಸೇವೆ) ಸಿಗಲಿ ಅಂತ ‘ಅಲೋ ರಿಮೋಟ್ ರಿಕ್ವೆಸ್ಟ್ಸ್’ ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ನೆಟ್ ಬಂತು, ಖುಷಿಯಾಯಿತು. ಆ ಟಿಕ್ ಒಳಗಿನವರಿಗಷ್ಟೇ ಅಲ್ಲ, ತಡೆಯುವ ಫೈರ್‌ವಾಲ್ ಇಲ್ಲದಿದ್ದರೆ ಇಡೀ ಜಗತ್ತಿಗೇ ಬಾಗಿಲು ತೆರೆಯುತ್ತದೆ ಅಂತ ನನಗೆ ಹೊಳೆಯಲಿಲ್ಲ.

ಹತ್ತು ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಹುಡುಗನೊಬ್ಬ ಬಂದು, “ಸರ್, ನೆಟ್ ಬಂದ್ ಆಗೇತ್ರಿ” ಅಂದ. ಮೈಕ್ರೋಟಿಕ್ ರೌಟರ್ ನಿಭಾಯಿಸುವ ವಿನ್‌ಬಾಕ್ಸ್ ಅನ್ನುವ ಪ್ರೋಗ್ರಾಂ ತೆರೆದು ನೋಡಿದರೆ ಸಿಪಿಯು ನೂರಕ್ಕೆ ನೂರು. ‘ಪ್ರೊಫೈಲ್’ ಅನ್ನುವ ಟೂಲ್‌ನಲ್ಲಿ ಯಾವ ಕೆಲಸ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ಕಾಣುತ್ತದೆ. ಅಲ್ಲಿ ಮೇಲುಗಡೆಯೇ ಡಿಎನ್‌ಎಸ್ ಕೂತಿತ್ತು. ಯಾವ ಟ್ರಾಫಿಕ್ ಓಡಾಡುತ್ತಿದೆ ಅಂತ ತೋರಿಸುವ ‘ಟಾರ್ಚ್’ ತೆರೆದೆ. ಹೊರಗಿನ ಪೋರ್ಟ್ ಮೇಲೆ ಯುಡಿಪಿ 53ರ, ಅಂದರೆ ಡಿಎನ್‌ಎಸ್ ಟ್ರಾಫಿಕ್‌ನ, ಸಾಲುಗಳು ಒಂದರ ಮೇಲೊಂದು ಓಡುತ್ತಿದ್ದವು. ಡೌನ್‌ಲೋಡ್ ಅಷ್ಟೇನೂ ಇಲ್ಲ, ಅಪ್‌ಲೋಡ್ ಮಾತ್ರ ಪೂರ್ತಿ ತುಂಬಿತ್ತು. ನಮ್ಮ ಮೇಲೆ ದಾಳಿ ಆಗುತ್ತಿದೆ ಅಂದುಕೊಂಡೆ. ನಿಜ ಏನಂದರೆ, ನಮ್ಮ ರೌಟರನ್ನು ಬಳಸಿಕೊಂಡು ಬೇರೆ ಯಾರ ಮೇಲೋ ದಾಳಿ ನಡೆಯುತ್ತಿತ್ತು.

ಅದು ನಡೆಯುವ ರೀತಿ ಹೀಗೆ. ದಾಳಿಕೋರ ಒಂದು ಚಿಕ್ಕ ಡಿಎನ್‌ಎಸ್ ಪ್ರಶ್ನೆ ಕಳಿಸುತ್ತಾನೆ. ಕಳಿಸಿದವರ ವಿಳಾಸದ ಜಾಗದಲ್ಲಿ ತನ್ನದಲ್ಲ, ತಾನು ಕೆಡವಬೇಕಾದವರ ಐಪಿ ಬರೆದಿರುತ್ತಾನೆ. ನಮ್ಮ ರೌಟರ್ ನಂಬಿ, ಅವರಿಗೆ ದೊಡ್ಡ ಉತ್ತರ ಕಳಿಸುತ್ತದೆ. ಡಿಎನ್‌ಎಸ್‌ನಲ್ಲಿ ಉತ್ತರ ಪ್ರಶ್ನೆಗಿಂತ 28ರಿಂದ 54 ಪಟ್ಟು ದೊಡ್ಡದಾಗಬಹುದು ಅಂತ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಪಟ್ಟಿ ಮಾಡಿದೆ. ಇಂಥ ತೆರೆದ ರೌಟರ್‌ಗಳು ಸಾವಿರಗಟ್ಟಲೆ ಸೇರಿದರೆ ಎದುರಿನವರ ಗತಿ ಏನು ಅಂತ ಯೋಚಿಸಿ. ನಮ್ಮ ಹುಡುಗರ ಅರ್ಜಿ ತುಂಬುವ ಕೆಲಸ ನಿಂತದ್ದಕ್ಕಿಂತ, ನಾನು ತೆರೆದಿಟ್ಟ ಬಾಗಿಲಿಂದ ಗೊತ್ತಿಲ್ಲದ ಯಾರಿಗೋ ಪೆಟ್ಟು ಬಿತ್ತಲ್ಲ ಅನ್ನುವುದು ನನಗೆ ಜಾಸ್ತಿ ಬೇಜಾರು ತಂದಿತು. ಎರಡು ದಿನ ಬಿಟ್ಟು ಇಂಟರ್‌ನೆಟ್ ಕಂಪನಿಯಿಂದ ಇಮೇಲ್ ಕೂಡ ಬಂತು, ‘ನಿಮ್ಮ ಐಪಿಯಲ್ಲಿ ಓಪನ್ ಡಿಎನ್‌ಎಸ್ ಇದೆ’ ಅಂತ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಇಂಥ ಮಾಹಿತಿಯನ್ನು ಕಂಪನಿಗಳ ಮೂಲಕ ತಲುಪಿಸುತ್ತದೆ. ಅಂಥ ಇಮೇಲ್ ಬಂದರೆ ಸ್ಪ್ಯಾಮ್ ಅಂತ ಅಳಿಸಬೇಡಿ, ದಯವಿಟ್ಟು ಓದಿ.

ಸರಿಪಡಿಸಲು ಹಿಡಿದದ್ದು ಹತ್ತೇ ನಿಮಿಷ. ಹೊರಗಿನಿಂದ ಬರುವ 53ನೇ ಪೋರ್ಟನ್ನು, ಯುಡಿಪಿ ಮತ್ತು ಟಿಸಿಪಿ ಎರಡನ್ನೂ, ‘ರಾ’ ಟೇಬಲ್‌ನಲ್ಲಿ ಡ್ರಾಪ್ ಮಾಡಿದೆ. ಮಾಮೂಲಿ ಫಿಲ್ಟರ್ ಬಿಟ್ಟು ‘ರಾ’ ಯಾಕೆ ಅಂದರೆ, ಫಿಲ್ಟರ್‌ಗೆ ಬರುವಷ್ಟರಲ್ಲಿ ರೌಟರ್ ಆ ಪ್ಯಾಕೆಟ್ ಯಾವ ಕನೆಕ್ಷನ್‌ಗೆ ಸೇರಿದ್ದು ಅಂತ ಹುಡುಕಿ ಮುಗಿಸಿರುತ್ತದೆ. ಆ ಹುಡುಕಾಟಕ್ಕೇ ಸಿಪಿಯು ಬೇಕು. ‘ರಾ’ದಲ್ಲಿ ಬಿಸಾಡಿದರೆ ಆ ಲೆಕ್ಕ ಶುರುವಾಗುವ ಮೊದಲೇ ಹೋಗುತ್ತದೆ. ಸಣ್ಣ ರೌಟರ್‌ಗೆ ಈ ವ್ಯತ್ಯಾಸ ದೊಡ್ಡದು. ನಮ್ಮಲ್ಲಿ ಸಿಪಿಯು ನೂರರಿಂದ ಹತ್ತರೊಳಗೆ ಇಳಿಯಿತು. ಪ್ರಶ್ನೆಗಳು ಮಾತ್ರ ನಿಲ್ಲಲಿಲ್ಲ. ಆ ರೂಲ್‌ನ ಎದುರಿನ ಎಣಿಕೆ ವಾರಗಟ್ಟಲೆ ಏರುತ್ತಲೇ ಇತ್ತು. ಒಮ್ಮೆ ಅವರ ಪಟ್ಟಿಗೆ ಸೇರಿದ ಐಪಿಯನ್ನು ಅವರು ಬೇಗ ಬಿಡುವುದಿಲ್ಲ.

ಅವತ್ತು ನಾನು ಕಲಿತದ್ದು ಒಂದೇ ಮಾತು. ಫೈರ್‌ವಾಲ್ ಅಂದರೆ ಒಳಗೆ ಕೂತ ಫೋನು, ಲ್ಯಾಪ್‌ಟಾಪ್ ಕಾಯುವುದು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಮೊದಲು ಕಾಯಬೇಕಾದದ್ದು ರೌಟರನ್ನೇ. ಮೈಕ್ರೋಟಿಕ್‌ನಲ್ಲಿ ಅದಕ್ಕೆ ‘ಇನ್‌ಪುಟ್’ ಚೈನ್ ಅಂತ ರೂಲ್‌ಗಳ ಬೇರೆಯೇ ಸರಣಿ ಇದೆ. ಈಗಾಗಲೇ ನಡೆಯುತ್ತಿರುವ ಮಾತುಕತೆಗೆ ದಾರಿ, ಕೆಟ್ಟ ಪ್ಯಾಕೆಟ್‌ಗೆ ಡ್ರಾಪ್, ಐಸಿಎಂಪಿಗೆ (ಪಿಂಗ್, ದೋಷದ ಸೂಚನೆಗಳು ಹೋಗಿಬರುವ ಸಂದೇಶಗಳಿಗೆ) ದಾರಿ, ಒಳಗಿನ ನೆಟ್‌ವರ್ಕ್‌ನಿಂದ ಬಾರದ ಉಳಿದದ್ದೆಲ್ಲಕ್ಕೂ ಡ್ರಾಪ್. ಇಷ್ಟೇ. ಕಂಪನಿ ಕೊಟ್ಟ ಫೈರ್‌ವಾಲ್‌ನಲ್ಲಿ ಇದೆಲ್ಲ ಇದ್ದೇ ಇದೆ, ನಾನೇ ಅಳಿಸಿದ್ದೆ. ಕೆಲವರು ಹೆದರಿ ಐಸಿಎಂಪಿಯನ್ನೂ ಪೂರ್ತಿ ಮುಚ್ಚುತ್ತಾರೆ. ಹಾಗೆ ಮಾಡಬೇಡಿ, ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನ್‌ನಲ್ಲಿ ಕೆಲವು ಸೈಟ್‌ಗಳು ಅರ್ಧ ತೆರೆದು ನಿಂತುಬಿಡುತ್ತವೆ.

ಇನ್ನು ಈ ಕಂಪನಿಯ ಹೆಸರು ಗೂಗಲ್ ಮಾಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಹ್ಯಾಕಿಂಗ್ ಸುದ್ದಿ. ಅದನ್ನು ಮುಚ್ಚಿಟ್ಟು ವಿಮರ್ಶೆ ಬರೆಯುವುದು ಸರಿಯಲ್ಲ. ಮೈಕ್ರೋಟಿಕ್ ಲಾಟ್ವಿಯಾ ದೇಶದ ರೀಗಾ ನಗರದ ಕಂಪನಿ, 1996ರಿಂದ ಇದೆ. 2018ರ ಏಪ್ರಿಲ್‌ನಲ್ಲಿ ವಿನ್‌ಬಾಕ್ಸ್ ಸೇವೆಯಲ್ಲಿ ಒಂದು ದೊಡ್ಡ ತೂತು ಸಿಕ್ಕಿತು. ಇಂಥ ತೂತುಗಳಿಗೆ ಕೊಡುವ ಸಿವಿಇ ಸಂಖ್ಯೆಗಳಲ್ಲಿ ಇದರದ್ದು ಸಿವಿಇ-2018-14847. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ರೌಟರ್‌ನ ಬಳಕೆದಾರರ ಫೈಲ್ ಓದಬಹುದಿತ್ತು. ಕಂಪನಿ ತಕ್ಷಣವೇ ರೌಟರ್‌ನ ಸಾಫ್ಟ್‌ವೇರ್ ಆದ ರೌಟರ್‌ಒಎಸ್‌ನ 6.42.1 ಆವೃತ್ತಿ ಬಿಡುಗಡೆ ಮಾಡಿ ಅದನ್ನು ಮುಚ್ಚಿತು. ಆದರೆ ಅಪ್‌ಡೇಟ್ ಮಾಡದವರು ಲೆಕ್ಕವಿಲ್ಲದಷ್ಟು. ಮಾಡಿದವರಲ್ಲೂ ಎಷ್ಟೋ ಜನ ಪಾಸ್‌ವರ್ಡ್ ಬದಲಿಸಲಿಲ್ಲ. ಕದ್ದ ಪಾಸ್‌ವರ್ಡ್ ಕಳ್ಳರ ಕೈಯಲ್ಲಿ ಇದ್ದೇ ಇತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. 2021ರ ಸೆಪ್ಟೆಂಬರ್‌ನಲ್ಲಿ ‘ಮೆರಿಸ್’ ಅನ್ನುವ ಬಾಟ್‌ನೆಟ್ (ಕಳ್ಳರ ಕೈವಶವಾದ ಸಾಧನಗಳ ಪಡೆ) ರಷ್ಯಾದ ಯಾಂಡೆಕ್ಸ್ ಕಂಪನಿಯ ಮೇಲೆ ಸೆಕೆಂಡಿಗೆ 2 ಕೋಟಿ 18 ಲಕ್ಷ ರಿಕ್ವೆಸ್ಟ್ ಸುರಿಯಿತು. ಅದರಲ್ಲಿ ದುಡಿದದ್ದು ಬಹುಪಾಲು 2018ರಲ್ಲೇ ಕೈತಪ್ಪಿದ್ದ ರೌಟರ್‌ಗಳು ಅಂತ ಮೈಕ್ರೋಟಿಕ್ ಹೇಳಿತು. ನಾನು ರೌಟರ್ ತಂದ ದಿನವೇ ಅಪ್‌ಡೇಟ್ ಮಾಡಿದ್ದೆ. ಅದೊಂದು ಪುಣ್ಯ.

ಡಾಸ್‌ಗೇ ನೇರ ಸಂಬಂಧಪಟ್ಟದ್ದು ಇನ್ನೊಂದಿದೆ, ಸಿವಿಇ-2018-19299. ಐಪಿವಿ6 (ಹಳೆಯ ಐಪಿವಿ4ರ ನಂತರದ ಹೊಸ ವಿಳಾಸ ಪದ್ಧತಿ) ಪ್ಯಾಕೆಟ್‌ಗಳನ್ನು ಬೇರೆ ಬೇರೆ ವಿಳಾಸಗಳಿಗೆ ರೌಟರ್ ಮೂಲಕ ಕಳಿಸುತ್ತಾ ಹೋದರೆ, ಅದು ದಾರಿಗಳನ್ನು ನೆನಪಿಟ್ಟುಕೊಳ್ಳುವ ರೂಟ್ ಕ್ಯಾಶ್ ಬೆಳೆದು ಬೆಳೆದು ರ್‍ಯಾಮ್ ಖಾಲಿಯಾಗಿ ರೌಟರ್ ತಾನಾಗಿ ರೀಬೂಟ್ ಆಗುತ್ತಿತ್ತು. ಇದಕ್ಕೆ ಪಾಸ್‌ವರ್ಡ್ ಕದಿಯುವ ಅಗತ್ಯವೇ ಇಲ್ಲ. ಬ್ರಿಟನ್ನಿನ ನೆಟ್‌ವರ್ಕ್ ಎಂಜಿನಿಯರ್ ಒಬ್ಬರು 2018ರಲ್ಲೇ ಕಂಪನಿಗೆ ತಿಳಿಸಿದ್ದರು. ಪರಿಹಾರ ಬಂದದ್ದು 2019ರ ಏಪ್ರಿಲ್‌ನಲ್ಲಿ, ಅವರು ಸಭೆಯಲ್ಲಿ ಎಲ್ಲರ ಮುಂದೆ ಹೇಳುವ ಹೊತ್ತಿಗೆ. ಒಂದು ವರ್ಷ ಜಾಸ್ತಿಯಾಯಿತು ಅಂತಲೇ ನನ್ನ ಅನಿಸಿಕೆ. ನಾನು ಆಗ ಐಪಿವಿ6 ಬಳಸುತ್ತಿರಲಿಲ್ಲ. ಈಗ ಬಳಸುತ್ತೇನೆ, ಅದಕ್ಕೆ ಬೇರೆಯೇ ಫೈರ್‌ವಾಲ್ ಬರೆದಿದ್ದೇನೆ. ಐಪಿವಿ4ಗೆ ಬರೆದ ರೂಲ್ ಐಪಿವಿ6ಗೆ ಅನ್ವಯಿಸುವುದಿಲ್ಲ. ‘ನಮಗೆ ಪಬ್ಲಿಕ್ ಐಪಿ ಇಲ್ಲ, ಸಿಜಿನ್ಯಾಟ್ (ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಕಂಪನಿ ಹಂಚುವ ವ್ಯವಸ್ಥೆ) ಹಿಂದೆ ಇದ್ದೇವೆ, ನಮಗೇನು ಭಯ’ ಅನ್ನುವವರು ಇದನ್ನು ಗಮನಿಸಿ. ಐಪಿವಿ6 ಬಂದರೆ ನಿಮ್ಮ ರೌಟರ್ ಹೊರಗಿನವರಿಗೆ ನೇರ ಸಿಗುತ್ತದೆ.

ಎರಡನೇ ದಾಳಿ 2021ರಲ್ಲಿ. ಇದರಲ್ಲಿ ರೌಟರ್ ಏನೂ ಮಾಡಲಾಗಲಿಲ್ಲ, ಮಾಡುವುದಕ್ಕೂ ಸಾಧ್ಯವಿರಲಿಲ್ಲ. ಹುಡುಗನೊಬ್ಬ ಆನ್‌ಲೈನ್ ಗೇಮ್ ಆಡುತ್ತಾ ಯಾರ ಜೊತೆಗೋ ಜಗಳ ಮಾಡಿಕೊಂಡಿದ್ದ. ಎದುರಿನವನು ‘ನಿನ್ನ ನೆಟ್ ಕೆಡವುತ್ತೇನೆ’ ಅಂತ ಬೆದರಿಸಿದ್ದನಂತೆ. ಹತ್ತು ನಿಮಿಷದಲ್ಲಿ ಇಡೀ ವಾಚನಾಲಯದ ನೆಟ್ ಹೋಯಿತು. ವಿನ್‌ಬಾಕ್ಸ್‌ನಲ್ಲಿ ನೋಡಿದರೆ ಸಿಪಿಯು ಆರಾಮಾಗಿದೆ, ಡ್ರಾಪ್ ರೂಲ್ ತನ್ನ ಕೆಲಸ ಮಾಡುತ್ತಿದೆ, ಆದರೂ ಗೂಗಲ್ ತೆರೆಯುತ್ತಿಲ್ಲ. ನಮ್ಮ 100 ಎಂಬಿಪಿಎಸ್ ಲೈನ್ ಕಸದಿಂದಲೇ ತುಂಬಿತ್ತು. ಮನೆ ಬಾಗಿಲಲ್ಲಿ ಎಷ್ಟೇ ಗಟ್ಟಿ ಚಿಲಕ ಹಾಕಿದರೂ ಓಣಿಯೇ ಬಂದ್ ಆದರೆ ಏನು ಮಾಡುವುದು? ಇದನ್ನು ಮೇಲಿನಿಂದ, ಇಂಟರ್‌ನೆಟ್ ಕೊಡುವವರೇ ತಡೆಯಬೇಕು. ಸಹಾಯವಾಣಿಗೆ ಫೋನ್ ಮಾಡಿದರೆ, “ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸರ್” ಅಂದರು. ಮೂರು ಸಲ ಬೇರೆ ಬೇರೆಯವರು ಅದನ್ನೇ ಹೇಳಿದರು. ಕೊನೆಗೆ ನಾನೇ ಪಿಪಿಪಿಒಇ ಕನೆಕ್ಷನ್ ಕಡಿದು ಐದು ನಿಮಿಷ ಬಿಟ್ಟು ಸೇರಿಸಿದೆ. ಹೊಸ ಐಪಿ ಸಿಕ್ಕಿತು, ದಾಳಿ ಹಳೆಯ ವಿಳಾಸದಲ್ಲೇ ಉಳಿಯಿತು. ನಮ್ಮದು ಸ್ಟ್ಯಾಟಿಕ್, ಅಂದರೆ ಬದಲಾಗದ, ಐಪಿ ಆಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ದೊಡ್ಡ ರೌಟರ್ ತಂದರೆ ಇಂಥ ದಾಳಿ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೂರನೆಯದು ಒಳಗಿನಿಂದಲೇ ಬಂತು, ಸಿಸಿಟಿವಿಯ ಡಿವಿಆರ್‌ನಿಂದ. ಅದನ್ನು ಹಾಕಿದವರು ಕಾರ್ಖಾನೆಯ ಪಾಸ್‌ವರ್ಡನ್ನೇ ಬಿಟ್ಟು ಹೋಗಿದ್ದರು. ಮೊಬೈಲ್‌ನಲ್ಲಿ ಕ್ಯಾಮೆರಾ ಕಾಣಲಿ ಅಂತ ನಾನು ಹೊರಗಿನಿಂದ ಡಿವಿಆರ್‌ಗೆ ನೇರ ದಾರಿ ಬಿಡುವ ಪೋರ್ಟ್ ಫಾರ್ವರ್ಡ್ ಬೇರೆ ಮಾಡಿಕೊಟ್ಟಿದ್ದೆ. 2016ರ ‘ಮಿರಾಯ್’ ಬಾಟ್‌ನೆಟ್ ಬೆಳೆದದ್ದೂ ಹೀಗೇ ಬಿಟ್ಟ ಪಾಸ್‌ವರ್ಡ್‌ಗಳಿಂದ. ಆ ವರ್ಷ ಅಕ್ಟೋಬರ್ 21ರಂದು ಡೈನ್ ಅನ್ನುವ ಡಿಎನ್‌ಎಸ್ ಕಂಪನಿಯ ಮೇಲೆ ಅದು ಬಿದ್ದಾಗ ಟ್ವಿಟರ್‌ನಂಥ ಸೈಟ್‌ಗಳೇ ಅಮೆರಿಕದಲ್ಲಿ ತೆರೆಯಲಿಲ್ಲ. ನಮ್ಮ ಡಿವಿಆರ್ ರಾತ್ರಿ ಹೊತ್ತು ಸಾವಿರಾರು ವಿಳಾಸಗಳಿಗೆ ಒಂದೇ ಸಮ ಕನೆಕ್ಷನ್ ತೆರೆಯುತ್ತಿತ್ತು. ಹೆಕ್ಸ್‌ನ ‘ಕನೆಕ್ಷನ್ಸ್’ ಪಟ್ಟಿಯಲ್ಲಿ ಅದೇ ಒಂದು ಐಪಿ, ಪುಟಗಟ್ಟಲೆ. ಈಗ ಕ್ಯಾಮೆರಾಗಳಿಗೆ ಬೇರೆ ವಿಲ್ಯಾನ್ (ಉಳಿದವರಿಂದ ಬೇರ್ಪಡಿಸಿದ ಒಳಗಿನ ನೆಟ್‌ವರ್ಕ್) ಇದೆ, ಅವು ಇಂಟರ್‌ನೆಟ್‌ಗೆ ಹೋಗುವಂತಿಲ್ಲ. ಹೊರಗಿಂದ ನೋಡಬೇಕಾದರೆ ವೈರ್‌ಗಾರ್ಡ್ ಅನ್ನುವ ವಿಪಿಎನ್ (ಗೂಢಲಿಪಿಯ ಸುರಂಗದಂಥ ಸಂಪರ್ಕ) ಮೂಲಕ ಒಳಗೆ ಬಂದು ನೋಡುತ್ತೇನೆ. ಅದು ರೌಟರ್‌ಒಎಸ್ 7ರಿಂದ ಇದರಲ್ಲೇ ಇದೆ. ಫೋನ್ ಆಗಲಿ ಲ್ಯಾಪ್‌ಟಾಪ್ ಆಗಲಿ ಒಂದಕ್ಕೆ ಇಷ್ಟೇ ಕನೆಕ್ಷನ್ ಅಂತ ಮಿತಿಯನ್ನೂ ಹಾಕಿದ್ದೇನೆ. ನಾಲ್ಕೂವರೆ ಸಾವಿರದ ಪೆಟ್ಟಿಗೆಯಲ್ಲಿ ಇಷ್ಟು ಒಳಹೊಕ್ಕು ನೋಡಲು, ಕಟ್ಟುಪಾಡು ಹಾಕಲು ಸಿಗುತ್ತದಲ್ಲ, ಇದಕ್ಕೇ ನಾನು ಇದನ್ನು ಬಿಟ್ಟಿಲ್ಲ.

ಒಂದು ಸಣ್ಣ ಗುಂಡಿಯ ಬಗ್ಗೆ ಹೇಳಲೇಬೇಕು. ವಿನ್‌ಬಾಕ್ಸ್‌ನಲ್ಲಿ ‘ಸೇಫ್ ಮೋಡ್’ ಅಂತಿದೆ. ಅದನ್ನು ಒತ್ತಿ ಫೈರ್‌ವಾಲ್ ಬದಲಿಸಿದರೆ, ತಪ್ಪು ರೂಲ್ ಬರೆದು ನೀವೇ ಹೊರಗೆ ಬಿದ್ದರೂ, ಸ್ವಲ್ಪ ಹೊತ್ತಿನಲ್ಲಿ ರೌಟರ್ ಹಳೆಯ ಸ್ಥಿತಿಗೆ ಮರಳುತ್ತದೆ. ಊರಿಂದ ದೂರ ಕೂತು ರೂಲ್ ತಿದ್ದುವಾಗ ನನ್ನನ್ನು ಎಷ್ಟು ಸಲ ಉಳಿಸಿದೆಯೋ. ಹಾಗೇ ‘ಐಪಿ ಸರ್ವಿಸಸ್’ಗೆ ಹೋಗಿ ಟೆಲ್ನೆಟ್, ಎಫ್‌ಟಿಪಿ, ವೆಬ್, ಎಪಿಐ ಎಲ್ಲ ಮುಚ್ಚಿ. ವಿನ್‌ಬಾಕ್ಸ್‌ನ 8291ನೇ ಪೋರ್ಟ್ ಒಳಗಿನ ಐಪಿಗಳಿಗಷ್ಟೇ ಇರಲಿ.

ಕೊರತೆಗಳೂ ಇವೆ. ಕಲಿಯುವುದು ಸುಲಭವಲ್ಲ. ಮೆನುಗಳ ಕಾಡು, ಎಲ್ಲವೂ ಇಂಗ್ಲಿಷ್. ಫ್ಲ್ಯಾಶ್ 16 ಎಂಬಿ ಮಾತ್ರ, ರೌಟರ್‌ಒಎಸ್ 7ಕ್ಕೆ ಅದು ಇಕ್ಕಟ್ಟು. ಬೇಡದ ಬ್ಯಾಕಪ್ ಫೈಲ್‌ಗಳನ್ನು ಅದರಲ್ಲಿ ಇಡಬಾರದು. ಅಪ್‌ಡೇಟ್ ಆದ ಮೇಲೆ ರೌಟರ್‌ಬೋರ್ಡ್‌ನ ಫರ್ಮ್‌ವೇರ್ ಕೂಡ ಬೇರೆಯಾಗಿ ಏರಿಸಿ ಇನ್ನೊಮ್ಮೆ ರೀಬೂಟ್ ಮಾಡಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮನೆಗೆ ಸುಮ್ನೆ ವೈಫೈ ಬೇಕು, ತಿಂಗಳಿಗೊಮ್ಮೆಯೂ ಇದರ ಕಡೆ ನೋಡಲು ಪುರುಸೊತ್ತಿಲ್ಲ ಅನ್ನುವವರಿಗೆ ಇದನ್ನು ಹೇಳುವುದಿಲ್ಲ. ತಾನಾಗಿ ಅಪ್‌ಡೇಟ್ ಆಗುವ ರೌಟರ್ ಅವರಿಗೆ ಒಳ್ಳೆಯದು.

ಕರೆಂಟ್ ವಿಷಯದಲ್ಲಿ ದೂರಿಲ್ಲ. 8ರಿಂದ 30 ವೋಲ್ಟ್ ಡಿಸಿ ಯಾವುದಾದರೂ ನಡೆಯುತ್ತದೆ. 12 ವೋಲ್ಟ್‌ನ ಬ್ಯಾಟರಿಗೆ ನೇರ ಸೇರಿಸಿದ್ದೇನೆ, ಕರೆಂಟ್ ಹೋದರೂ ರೌಟರ್ ನಿಲ್ಲುವುದಿಲ್ಲ. ಏಳು ಬೇಸಿಗೆ ಕಂಡಿದೆ, ಒಂದು ಸಲವೂ ಕೈಕೊಟ್ಟಿಲ್ಲ.

2024ರ ಕೊನೆಗೆ ಇದರ ಹೊಸ ರೂಪ ಬಂದಿದೆ, ಇ50ಯುಜಿ. 512 ಎಂಬಿ ರ್‍ಯಾಮ್, 128 ಎಂಬಿ ಫ್ಲ್ಯಾಶ್. ಈಗ ಕೊಳ್ಳುವವರು ಅದನ್ನೇ ನೋಡಿ. ನಾನೂ ಒಂದು ತರಿಸಿದ್ದೇನೆ. ಬರುವ ಭಾನುವಾರ ಮಧ್ಯಾಹ್ನ ಹುಡುಗರು ಖಾನಾವಳಿಗೆ ಊಟಕ್ಕೆ ಹೋದಾಗ ಬದಲಾಯಿಸುವುದು. ಈ ಸಲ ಕಂಪನಿ ಕೊಟ್ಟ ಫೈರ್‌ವಾಲನ್ನು ಅಳಿಸದೆ, ನನ್ನ ರೂಲ್‌ಗಳನ್ನು ಅದರ ಮೇಲೆ ಸೇರಿಸುತ್ತೇನೆ.