ಖಾಸಗಿ ಬ್ಯಾಂಕಿನ ಖಾತೆ, ಕಾರ್ಡ್ ಮತ್ತು ಆ್ಯಪ್: 2015ರಿಂದ ಬಳಸಿದವಳ ಮಾತು

ಈ ಬ್ಯಾಂಕಿನಲ್ಲಿ ನನ್ನ ಸಂಬಳದ ಖಾತೆ ಶುರುವಾಗಿದ್ದು 2015ರಲ್ಲಿ. ಈಗ ಎಫ್‌ಡಿ, ಕ್ರೆಡಿಟ್ ಕಾರ್ಡ್, ಮನೆಯವರ ಖಾತೆ ಎಲ್ಲಾ ಇಲ್ಲೇ. ಬ್ಯಾಂಕಿನ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಕೆಳಗೆ ಹೇಳಿರುವುದನ್ನು ಬೇರೆ ಬ್ಯಾಂಕಿನ ಗ್ರಾಹಕರೂ ಅನುಭವಿಸಿದ್ದಾರೆ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡ್ತೀನಿ. ಆ್ಯಪ್ ಹಗುರ, ಬೇಗ ತೆರೆಯುತ್ತೆ, ಹತ್ತು ರೂಪಾಯಿ ಹೋದರೂ ಮೆಸೇಜ್ ತಕ್ಷಣ ಬರುತ್ತೆ. ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಟ್ಯಾಪ್ ಮಾಡಿ ಕೊಡುವುದು, ಎಲ್ಲಕ್ಕೂ ಬೇರೆ ಬೇರೆ ಸ್ವಿಚ್ ಇದೆ. ಇದು ರಿಸರ್ವ್ ಬ್ಯಾಂಕ್ (ಆರ್‌ಬಿಐ) 2020ರಲ್ಲಿ ಮಾಡಿದ ನಿಯಮದಿಂದ ಬಂದದ್ದು, ಎಲ್ಲಾ ಬ್ಯಾಂಕಿನಲ್ಲೂ ಇರಬೇಕು. ನಾನು ವಿದೇಶಿ ಬಳಕೆ ಯಾವಾಗಲೂ ಆಫ್ ಇಟ್ಟಿರುತ್ತೇನೆ. ನೀವೂ ಇಡಿ. ಇಷ್ಟು ವರ್ಷದಲ್ಲಿ ನನ್ನ ಖಾತೆಯಿಂದ ಒಂದು ಪೈಸೆ ಕಳವಾಗಿಲ್ಲ.

ದುಡ್ಡಿನ ವಿಷಯದಲ್ಲಿ ಇಷ್ಟು ಹುಷಾರಾಗಿರುವವರು ನಮ್ಮ ಮಾಹಿತಿಯ ವಿಷಯಕ್ಕೆ ಬಂದರೆ ಯಾಕಿಷ್ಟು ಸಡಿಲ?

ಕಳೆದ ವರ್ಷ ಹೊಸ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದೆ. ಕೊರಿಯರ್ ಬಂದಿದ್ದು ಸಂಜೆ. ಅದೇ ದಿನ ಮಧ್ಯಾಹ್ನವೇ ಫೋನ್ ಬಂತು, "ಮೇಡಂ, ನಿಮ್ಮ ಹೊಸ ಕಾರ್ಡ್ ಆಕ್ಟಿವೇಟ್ ಮಾಡಿಕೊಡ್ತೀವಿ" ಅಂತ. ಒಳ್ಳೆ ಕನ್ನಡ, ವಿನಯದ ಮಾತು. ನನ್ನ ಪೂರ್ತಿ ಹೆಸರು, ಮನೆ ವಿಳಾಸ, ಯಾವ ಕಾರ್ಡ್ ಅನ್ನುವುದು, ಕೊನೆಗೆ ಎಷ್ಟು ಖರ್ಚಿನ ಲಿಮಿಟ್ ಕೊಟ್ಟಿದ್ದಾರೆ ಅನ್ನುವುದನ್ನೂ ಅವನೇ ಹೇಳಿದ. ಆ ಲಿಮಿಟ್ ಅಷ್ಟೊತ್ತಿಗೆ ನನಗೇ ಗೊತ್ತಿರಲಿಲ್ಲ! ಒಟಿಪಿ ಕೇಳಿದ ತಕ್ಷಣ ಫೋನ್ ಇಟ್ಟೆ, ಬ್ಯಾಂಕಿಗೆ ದೂರು ಕೊಟ್ಟೆ. ಬಂದ ಉತ್ತರ: ನಮ್ಮ ಕಡೆಯಿಂದ ಯಾವ ಮಾಹಿತಿಯೂ ಸೋರಿಕೆಯಾಗಿಲ್ಲ, ದಯವಿಟ್ಟು ಒಟಿಪಿ ಯಾರಿಗೂ ಹೇಳಬೇಡಿ. ಒಟಿಪಿ ನಾನು ಹೇಳೇ ಇಲ್ಲ, ಅದಲ್ಲ ನನ್ನ ಪ್ರಶ್ನೆ. ಲಿಮಿಟ್ ಅವನಿಗೆ ಹೇಗೆ ಗೊತ್ತಾಯಿತು? ಕಾರ್ಡ್ ಮಾರುವ ಏಜೆನ್ಸಿ, ಕಾಲ್ ಸೆಂಟರ್, ಕಾರ್ಡ್ ಮುದ್ರಿಸುವವರು, ಕೊರಿಯರ್, ಇಷ್ಟು ಕೈ ದಾಟಿ ಬರುತ್ತೆ ಒಂದು ಕಾರ್ಡ್. ಯಾವ ಕೈಯಲ್ಲಿ ಸೋರಿತು ಅಂತ ಹುಡುಕುವುದು ಬ್ಯಾಂಕಿನ ಕೆಲಸ ಅಲ್ವಾ?

ಶಾಖೆಯಲ್ಲಿ ಇನ್ನೂ ಬೇಸರ. ಕೆವೈಸಿ, ಅಂದ್ರೆ ಗುರುತು-ವಿಳಾಸದ ದಾಖಲೆ, ನವೀಕರಿಸಬೇಕು ಅಂತ ಹೋದರೆ, ಮೇಜಿನ ಮೇಲೆ ಅರ್ಜಿಗಳ ರಾಶಿ, ಮೇಲಿನದರಲ್ಲಿ ಯಾರದೋ ಫೋಟೋ, ಪ್ಯಾನ್ ನಂಬರ್, ಮೊಬೈಲ್ ನಂಬರ್, ಎಲ್ಲಾ ನನ್ನ ಕುರ್ಚಿಯಿಂದಲೇ ಓದಬಹುದಿತ್ತು. ನಾನು ಆಧಾರ್‌ನ ಮೊದಲ ಎಂಟು ಅಂಕಿ ಮುಚ್ಚಿರುವ ಪ್ರತಿ ಒಯ್ದಿದ್ದೆ. ಅದು ನಡೆಯಲ್ಲ ಅಂದರು ಅಲ್ಲಿದ್ದ ಹುಡುಗ. "ಪೂರ್ತಿ ಆಧಾರ್ ನನ್ನ ವಾಟ್ಸಾಪ್‌ಗೆ ಹಾಕಿಬಿಡಿ ಮೇಡಂ, ಬೇಗ ಆಗುತ್ತೆ." ಅವರ ಸ್ವಂತ ಮೊಬೈಲ್ ನಂಬರ್! ಅವರು ಕೆಟ್ಟವರಲ್ಲ, ಕೆಲಸ ಬೇಗ ಮುಗಿಯಲಿ ಅಂತ ಹೇಳಿದ್ದು. ಆದರೆ ಅವರು ನಾಳೆ ಕೆಲಸ ಬಿಟ್ಟರೆ ಎಷ್ಟು ಜನರ ಆಧಾರ್ ಆ ಫೋನಲ್ಲೇ ಉಳಿಯುತ್ತೆ ಯೋಚಿಸಿ. ನಾನು ಕೊಡಲಿಲ್ಲ. ವಿವರ ಏನೂ ಬದಲಾಗದಿದ್ದರೆ ಸ್ವಯಂ ಘೋಷಣೆ ಸಾಕು, ಅದನ್ನು ಆನ್‌ಲೈನ್‌ನಲ್ಲೇ ಕೊಡಬಹುದು ಅಂತ ಆರ್‌ಬಿಐ ಹೇಳಿದೆ. ಮನೆಗೆ ಬಂದು ಆ್ಯಪ್‌ನಲ್ಲೇ ಮುಗಿಸಿದೆ. ಇದನ್ನು ಶಾಖೆಯವರೇ ಹೇಳಬಹುದಿತ್ತು.

ನನ್ನದು ಅತಿ ಭಯ ಅಂತ ಕೆಲವರು ಅಂದರು. 2016ರಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡ್‌ಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತ್ತು, ನೆನಪಿರಬಹುದು. ಎಟಿಎಂ ಸೇವೆ ಕೊಡುವ ಹಿಟಾಚಿ ಪೇಮೆಂಟ್ ಸರ್ವಿಸಸ್ ಕಂಪನಿಯ ವ್ಯವಸ್ಥೆಗೆ ಮಾಲ್‌ವೇರ್ (ಮಾಹಿತಿ ಕದಿಯುವ ತಂತ್ರಾಂಶ) ನುಗ್ಗಿದ್ದು ಆ ವರ್ಷದ ಮಧ್ಯದಲ್ಲಿ, ಜನರಿಗೆ ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ. ನನಗೆ ಆಗ ಬಂದಿದ್ದು "ಪಿನ್ ಬದಲಿಸಿ" ಅನ್ನುವ ಮೆಸೇಜ್ ಮಾತ್ರ, ಯಾಕೆ ಅಂತ ಒಂದಕ್ಷರ ಇಲ್ಲ. 2024ರ ಏಪ್ರಿಲ್‌ನಲ್ಲಿ ಐಸಿಐಸಿಐ ಬ್ಯಾಂಕಿನ ಸುಮಾರು 17 ಸಾವಿರ ಹೊಸ ಕ್ರೆಡಿಟ್ ಕಾರ್ಡ್‌ಗಳು ಬೇರೆ ಗ್ರಾಹಕರ ಆ್ಯಪ್‌ನಲ್ಲಿ ಕಾಣಿಸಿಕೊಂಡವು. ಅವರು ಕಾರ್ಡ್ ಬ್ಲಾಕ್ ಮಾಡಿ ವಿಷಯವನ್ನು ಒಪ್ಪಿಕೊಂಡರು, ಅಷ್ಟಾದರೂ ಮಾಡಿದರು.

ನಮ್ಮ ಕಡೆಯದೇ ಬೇಕಂದ್ರೆ 2023 ನೋಡಿ. ಉಪನೋಂದಣಿ ಕಚೇರಿಯಲ್ಲಿ ಪತ್ರ ಮಾಡಿಸಿದ ಮಂಗಳೂರಿನ ಎಷ್ಟೋ ಜನರ ಖಾತೆಯಿಂದ ದುಡ್ಡು ಹೋಯಿತು. ದಾಖಲೆಯಲ್ಲಿದ್ದ ಹೆಬ್ಬೆರಳ ಗುರುತು, ಆಧಾರ್ ನಂಬರ್ ಬಳಸಿ ಎಇಪಿಎಸ್, ಅಂದ್ರೆ ಆಧಾರ್ ಮತ್ತು ಬೆರಳ ಗುರುತಿನಿಂದ ದುಡ್ಡು ತೆಗೆಯುವ ವ್ಯವಸ್ಥೆ, ಅದರ ಮೂಲಕ ತೆಗೆದಿದ್ದರು. ಅದಕ್ಕೆ ಕಾರ್ಡೂ ಬೇಡ, ಒಟಿಪಿಯೂ ಬೇಡ. ನಮ್ಮ ಮಾವನವರು ಅಲ್ಲಿಯವರು, ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಜಾಗದ ಪತ್ರ ಮಾಡಿಸಿದ್ದರು. ಅವರ ನಿದ್ದೆಯೇ ಹೋಗಿತ್ತು. ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಟ್ಟ ಮೇಲೆ, ಅಂದ್ರೆ ಅವರ ಬೆರಳ ಗುರುತು ಯಾರೂ ಬಳಸದಂತೆ ಮಾಡಿದ ಮೇಲೆ, ಸಮಾಧಾನ ಆಯಿತು. ದಿನಾ ಸಾಲದ ಮೆಸೇಜ್ ಕಳಿಸುವ ನಮ್ಮ ಬ್ಯಾಂಕು ಈ ಲಾಕ್ ಬಗ್ಗೆ ಒಂದು ಮೆಸೇಜ್ ಹಾಕಲಿಲ್ಲ.

ದುಡ್ಡು ಹೋದರೆ ಏನು ಮಾಡಬೇಕು ಅನ್ನುವುದಕ್ಕೆ ನಿಯಮ ಇದೆ. ಆರ್‌ಬಿಐನ 2017ರ ಸುತ್ತೋಲೆ ಪ್ರಕಾರ ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ಮೂರನೆಯವರಿಂದ ವಂಚನೆಯಾಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಮಾಡಿ. ಮಾಹಿತಿ ಹೋದರೆ? ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲೇ ಆಗಿದೆ, ಸೋರಿಕೆಯಾದರೆ ಆ ಗ್ರಾಹಕರಿಗೆ ತಿಳಿಸಲೇಬೇಕು, ಮಾಹಿತಿ ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಇದೆ. ಆದರೆ ನಿಯಮಗಳು ಹೊರಬಂದಿದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳಿಗೆ ತಯಾರಾಗಲು ಅಲ್ಲಿಂದ 18 ತಿಂಗಳು ಕೊಟ್ಟಿದ್ದಾರೆ. ಅಲ್ಲಿವರೆಗೆ ನಾವು ಸುಮ್ನೆ ಕಾಯಬೇಕಾ? ಪಿನ್ ಬದಲಿಸಬಹುದು, ಕಾರ್ಡ್ ಬದಲಿಸಬಹುದು. ಹುಟ್ಟಿದ ದಿನ, ಪ್ಯಾನ್, ಬೆರಳ ಗುರುತು ಬದಲಿಸಲು ಆಗಲ್ಲ.

ಆ್ಯಪ್‌ಗೆ ಐದಕ್ಕೆ ನಾಲ್ಕು, ಮಾಹಿತಿ ಕಾಪಾಡುವುದಕ್ಕೆ ಒಂದೂವರೆ. ಖಾತೆ ಮುಚ್ಚುತ್ತಿಲ್ಲ, ಬೇರೆ ಕಡೆ ಇದಕ್ಕಿಂತ ವಾಸಿ ಅನ್ನುವ ಭರವಸೆ ನನಗಿಲ್ಲ. ಮೂವತ್ತು ದಿನ ಕಳೆದರೂ ಬ್ಯಾಂಕಿನಿಂದ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕ ಇಲ್ಲ. ಆ ಲಿಮಿಟ್ ಹೊರಗೆ ಹೋಗಿದ್ದು ಹೇಗೆ ಅನ್ನುವ ಒಂದೇ ಪ್ರಶ್ನೆ ಬರೆದು ನಾನೂ ಕೊಟ್ಟಿದ್ದೇನೆ. ಉತ್ತರ ಬಂದರೆ ಇದೇ ವಿಮರ್ಶೆಗೆ ಸೇರಿಸುತ್ತೇನೆ.