ಚಿಕ್ಕ ಮಕ್ಕಳೊಂದಿಗೆ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ನಾಲ್ಕೂವರೆ ಗಂಟೆ

ಮೆಲ್ಬೋರ್ನ್‌ನಲ್ಲಿರುವ ಅಕ್ಕನ ಮನೆಯಲ್ಲಿ ಆರು ವಾರ ಇದ್ದು, ಐದು ವರ್ಷದ ಮಗಳು ಮತ್ತು ಹತ್ತು ತಿಂಗಳ ಮಗನನ್ನು ಕರೆದುಕೊಂಡು ಜುಲೈ ತಿಂಗಳಲ್ಲಿ ಬೆಂಗಳೂರಿಗೆ ಹಿಂದಿರುಗಿದೆ. ರಜೆ ಮುಗಿದ ಕಾರಣ ಯಜಮಾನರು ಮೂರು ವಾರ ಮೊದಲೇ ಬಂದುಬಿಟ್ಟಿದ್ದರಿಂದ ಈ ಪ್ರಯಾಣದಲ್ಲಿ ಮಕ್ಕಳ ಜೊತೆಗಿದ್ದ ದೊಡ್ಡವಳು ನಾನೊಬ್ಬಳೇ. ದಾರಿಯ ನಡುವೆ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ನಾಲ್ಕೂವರೆ ಗಂಟೆ ಕಾಯಬೇಕಿತ್ತು. ಆ ಕಾಯುವಿಕೆಯೇ ಇಡೀ ಪ್ರಯಾಣವನ್ನು ಸುಗಮಗೊಳಿಸಿತು ಎಂಬುದು ನನ್ನ ಅನುಭವ. ಕೈಗೂಸುಗಳೊಂದಿಗೆ ಇದೇ ದಾರಿಯಲ್ಲಿ ಬರುವ ಕನ್ನಡದ ತಾಯಂದಿರಿಗೆ ಉಪಯೋಗವಾಗಲೆಂದು ಆ ನಿಲ್ದಾಣದ ವ್ಯವಸ್ಥೆಯ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ.

ಹೋಗುವಾಗ ನಾವು ಇದಕ್ಕೆ ತದ್ವಿರುದ್ಧವಾಗಿ ಯೋಚಿಸಿದ್ದೆವು. ಮಕ್ಕಳಿಗೆ ಆಯಾಸವಾಗಬಾರದು, ಆದಷ್ಟು ಬೇಗ ತಲುಪಬೇಕು ಎಂದು ಬೇರೊಂದು ಊರಿನ ಮೂಲಕ, ನಡುವೆ ಕೇವಲ ಒಂದು ಗಂಟೆ ಇಪ್ಪತ್ತು ನಿಮಿಷ ಬಿಡುವಿರುವ ಟಿಕೆಟ್ ಮಾಡಿಸಿದ್ದೆವು. ಮೊದಲ ವಿಮಾನ ಅರ್ಧ ಗಂಟೆ ತಡವಾಯಿತು. ವಿಮಾನದ ಬಾಗಿಲಲ್ಲಿ ಕೊಡುತ್ತೇವೆಂದು ಹೇಳಿದ್ದ ತಳ್ಳುಗಾಡಿ ಅಲ್ಲಿಗೆ ಬರಲಿಲ್ಲ. ಮಗನನ್ನು ನಾನು ಎತ್ತಿಕೊಂಡು, ಮಗಳನ್ನು ಅವರು ಎತ್ತಿಕೊಂಡು, ಚೀಲಗಳನ್ನು ಹೆಗಲಿಗೇರಿಸಿಕೊಂಡು ಉದ್ದದ ಹಜಾರದಲ್ಲಿ ಓಡಿದೆವು. ನಿದ್ದೆಯಿಂದ ಎಬ್ಬಿಸಿದ ಮಗಳು ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ. ಎರಡನೆಯ ವಿಮಾನದಲ್ಲಿ ಇಬ್ಬರೂ ಮೂರು ಗಂಟೆ ಅತ್ತರು. ಮಕ್ಕಳಿಗೆ ಬೇಕಾದದ್ದು ಬೇಗ ತಲುಪುವುದಲ್ಲ, ನಡುವೆ ಕೈಕಾಲು ಆಡಿಸಿ, ಮೈ ತೊಳೆದು, ಹೊಟ್ಟೆ ತುಂಬಿಸಿಕೊಂಡು ಹತ್ತುವುದು ಎಂಬುದು ಅಲ್ಲಿ ನಮಗೆ ಅರ್ಥವಾಯಿತು. ಬರುವಾಗಿನ ಟಿಕೆಟ್ಟನ್ನು ಅಕ್ಕನ ಮನೆಯಲ್ಲಿ ಕುಳಿತೇ ಬದಲಾಯಿಸಿದೆವು.

ಟಿಕೆಟ್ ಮಾಡಿಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿರಬೇಕು. ಹಾಗಿದ್ದರೆ ಹೊರಡುವ ಊರಿನಲ್ಲಿಯೇ ಎರಡು ಬೋರ್ಡಿಂಗ್ ಪಾಸ್‌ಗಳೂ ಕೈಗೆ ಬರುತ್ತವೆ, ಲಗೇಜು ನೇರವಾಗಿ ಬೆಂಗಳೂರಿಗೆ ಹೋಗುತ್ತದೆ ಮತ್ತು ಸಿಂಗಪುರದ ಇಮಿಗ್ರೇಷನ್ ದಾಟಿ ಹೊರಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಲಗೇಜು ತೆಗೆದುಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಆ ದೇಶವನ್ನು ಪ್ರವೇಶಿಸುವ ಅನುಮತಿ ಬೇಕು. ಎರಡು ವರ್ಷ ತುಂಬದ ಮಗುವಿಗೆ ಸಾಮಾನ್ಯವಾಗಿ ಪ್ರತ್ಯೇಕ ಸೀಟು ಇರುವುದಿಲ್ಲ, ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಆದ್ದರಿಂದ ಸಾಲಿನ ಮುಂದೆ ಗೋಡೆಯಿರುವ ಜಾಗದಲ್ಲಿ ಸಿಕ್ಕಿಸುವ ಬ್ಯಾಸಿನೆಟ್ ತೊಟ್ಟಿಲನ್ನು ಮುಂಚಿತವಾಗಿ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಮಲಗಿಸಬಹುದಾದ ಮಗುವಿನ ತೂಕದ ಮಿತಿ ಒಂದೊಂದು ವಿಮಾನ ಸಂಸ್ಥೆಯಲ್ಲಿ ಒಂದೊಂದು ರೀತಿ ಇರುತ್ತದೆ. ಆ ಸಾಲಿನ ಸೀಟುಗಳ ನಡುವಿನ ಕೈಯೊರಗು ಮೇಲಕ್ಕೆ ಏಳುವುದಿಲ್ಲ, ಏಕೆಂದರೆ ಊಟದ ತಟ್ಟೆಯಿಡುವ ಹಲಗೆ ಅದರೊಳಗೆ ಮಡಚಿಕೊಂಡಿರುತ್ತದೆ. ಹೀಗಾಗಿ ದೊಡ್ಡ ಮಗುವನ್ನು ಪಕ್ಕಕ್ಕೆ ಒರಗಿಸಿ ಮಲಗಿಸುವುದು ಕಷ್ಟ. ಸೀಟ್ ಬೆಲ್ಟ್ ದೀಪ ಹತ್ತಿದಾಗಲೆಲ್ಲ ಮಲಗಿದ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಬೇಕು. ನಮಗೆ ಏಳೂವರೆ ಗಂಟೆಯಲ್ಲಿ ನಾಲ್ಕು ಬಾರಿ ಹಾಗಾಯಿತು. ಇಷ್ಟಾದರೂ ಆ ತೊಟ್ಟಿಲಿಲ್ಲದೆ ಒಬ್ಬಳೇ ಪ್ರಯಾಣ ಮಾಡುವುದನ್ನು ನಾನು ಊಹಿಸಿಕೊಳ್ಳಲಾರೆ.

ಬೆಳಿಗ್ಗೆ ಮೆಲ್ಬೋರ್ನ್ ಬಿಟ್ಟ ವಿಮಾನ ಸಿಂಗಪುರದ ವೇಳೆ ಮಧ್ಯಾಹ್ನ ಮೂರೂಮುಕ್ಕಾಲಿಗೆ ಚಾಂಗಿಯ ಟರ್ಮಿನಲ್ 3ಕ್ಕೆ ಬಂತು. ಮುಂದಿನ ವಿಮಾನ ರಾತ್ರಿ ಎಂಟೂಕಾಲಿಗೆ ಟರ್ಮಿನಲ್ 2ರಿಂದ. ಇಳಿಯುತ್ತಿದ್ದಂತೆ ನನಗೆ ಮೊದಲು ಬೇಕಾಗಿದ್ದದ್ದು ತಳ್ಳುಗಾಡಿ. ಈ ನಿಲ್ದಾಣದ ಒಳಗೆ ಮಕ್ಕಳ ತಳ್ಳುಗಾಡಿಗಳನ್ನು ಬಾಡಿಗೆಯಿಲ್ಲದೆ ಬಳಸಲು ಕೊಡುತ್ತಾರೆ. ಒಂದು ಗಾಡಿ ಸಿಕ್ಕ ಕೂಡಲೇ ನನ್ನ ಒಂದು ಕೈ ಮಗಳಿಗಾಗಿ ಬಿಡುವಾಯಿತು. ಈ ಸೌಕರ್ಯದ ಬೆಲೆ ಏನೆಂಬುದು ಇಬ್ಬರು ಮಕ್ಕಳೊಂದಿಗೆ ಒಬ್ಬರೇ ನಡೆದವರಿಗೆ ಗೊತ್ತು.

ಅಲ್ಲಿಂದ ನೇರವಾಗಿ ಮಗುವಿನ ಆರೈಕೆಯ ಕೋಣೆಗೆ ಹೋದೆವು. ನಾನು ನೋಡಿದ ಅನೇಕ ನಿಲ್ದಾಣಗಳಲ್ಲಿ ಇಂಥ ಕೋಣೆಯೆಂದರೆ ಶೌಚಾಲಯದ ಮೂಲೆಯಲ್ಲಿ ಗೋಡೆಗೆ ಹೊಡೆದ ಒಂದು ಪ್ಲಾಸ್ಟಿಕ್ ಹಲಗೆ ಮಾತ್ರ. ಚಾಂಗಿಯಲ್ಲಿ ಅದು ಬಾಗಿಲು ಹಾಕಿಕೊಳ್ಳಬಹುದಾದ ಪ್ರತ್ಯೇಕ ಕೋಣೆ. ಡಯಾಪರ್ ಬದಲಾಯಿಸುವ ಅಗಲವಾದ ಮೇಜು, ಅದರ ಪಕ್ಕದಲ್ಲೇ ಕೈತೊಳೆಯುವ ತೊಟ್ಟಿ, ಹಾಲುಣಿಸುವವರಿಗೆ ಮರೆ, ಕುಡಿಯುವ ಬಿಸಿನೀರಿನ ನಲ್ಲಿ ಇವೆಲ್ಲ ಒಂದೇ ಕಡೆ ಇದ್ದವು. ಮಗನ ಬಟ್ಟೆ ಬಿಚ್ಚಿ, ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈಯೆಲ್ಲ ಒರೆಸಿ, ಹೊಸ ಅಂಗಿ ತೊಡಿಸಿದೆ. ಅಕ್ಕ ಡಬ್ಬಿಯಲ್ಲಿ ತುಂಬಿಕೊಟ್ಟಿದ್ದ ರಾಗಿ ಹುರಿಹಿಟ್ಟಿಗೆ ಆ ಬಿಸಿನೀರು ಹಾಕಿ, ಅರ್ಧ ಬಾಳೆಹಣ್ಣು ಕಿವುಚಿ ಕಲಸಿದಾಗ ಕೋಣೆಯ ತುಂಬ ರಾಗಿಯ ಘಮ ಹರಡಿತು. ವಿಮಾನದಲ್ಲಿ ಏನನ್ನೂ ಬಾಯಿಗಿಡದಿದ್ದ ಮಗು ಇಡೀ ಬಟ್ಟಲು ಖಾಲಿ ಮಾಡಿತು. ಪ್ರಯಾಣಕ್ಕೆ ರಾಗಿ ಸರಿಗಿಂತ ಹುರಿಹಿಟ್ಟು ಮೇಲು, ಏಕೆಂದರೆ ಅದನ್ನು ಒಲೆಯ ಮೇಲೆ ಬೇಯಿಸಬೇಕಾಗಿಲ್ಲ. ಆಸ್ಟ್ರೇಲಿಯಾದಿಂದ ಹೊರಡುವಾಗ ಪುಡಿಗಳ ತಪಾಸಣೆ ಇರುತ್ತದೆ, ಆದರೆ ಪ್ರಮಾಣದ ಮಿತಿ ಇರುವುದು ಆಹಾರವಲ್ಲದ ಪುಡಿಗಳಿಗೆ. ಡಬ್ಬಿಯ ಮೇಲೆ ಹೆಸರು ಬರೆದಿದ್ದರೆ ಕೇಳಿದಾಗ ಹೇಳುವುದು ಸುಲಭ.

ಇನ್ನು ಚಿಟ್ಟೆಗಳ ತೋಟ. ಟರ್ಮಿನಲ್ 3ರ ಒಳಭಾಗದಲ್ಲಿ, ಪ್ರಯಾಣಿಕರು ಹೊರಗೆ ಹೋಗದೆಯೇ ನೋಡಬಹುದಾದ ಈ ತೋಟವನ್ನು 2008ರಲ್ಲಿ, ಆ ಟರ್ಮಿನಲ್ ಆರಂಭವಾದ ವರ್ಷವೇ ತೆರೆದರು. ಎರಡು ಅಂತಸ್ತಿನ ಎತ್ತರ, ಸುತ್ತ ಬಲೆ, ನಡುವೆ 6 ಮೀಟರ್ ಎತ್ತರದಿಂದ ಬೀಳುವ ಸಣ್ಣ ಜಲಪಾತ. ನಿಲ್ದಾಣದ ತಣ್ಣನೆಯ ಗಾಳಿ ಇಲ್ಲಿಗೆ ಬರುವುದಿಲ್ಲ. ಬಾಗಿಲು ದಾಟಿದೊಡನೆ ಮಂಗಳೂರಿನ ಸೆಕೆ ಮೈಗೆ ಹತ್ತಿಕೊಳ್ಳುತ್ತದೆ. ಜುಲೈ ತಿಂಗಳ ಮೆಲ್ಬೋರ್ನ್ ಚಳಿಗೆಂದು ತೊಡಿಸಿದ್ದ ಸ್ವೆಟರುಗಳನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಅನಾನಸ್ ಹಣ್ಣಿನ ಹೋಳುಗಳನ್ನು ಅಲ್ಲಲ್ಲಿ ಇಟ್ಟಿರುತ್ತಾರೆ, ಚಿಟ್ಟೆಗಳು ಅದರ ಮೇಲೆ ಕುಳಿತು ರಸ ಹೀರುತ್ತವೆ. ಮಗಳು ಒಂದು ಹೋಳಿನ ಪಕ್ಕ ತನ್ನ ತೋರುಬೆರಳನ್ನು ಚಾಚಿ, ಉಸಿರು ಬಿಗಿಹಿಡಿದು ನಿಂತಳು. ಕಪ್ಪು ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳಿದ್ದ ಚಿಟ್ಟೆಯೊಂದು ಹಣ್ಣಿನಿಂದ ನಡೆದು ಬಂದು ಅವಳ ಉಗುರಿನ ಮೇಲೆ ಎರಡು ಕಾಲಿಟ್ಟು, ಸುರುಳಿ ಬಿಚ್ಚಿದ ನಾಲಿಗೆಯಿಂದ ಬೆರಳನ್ನು ಮುಟ್ಟಿ ನೋಡಿತು. ಬೆಳಿಗ್ಗೆ ದೊಡ್ಡಮ್ಮನ ಕೊರಳು ಬಿಡದೆ ಅತ್ತು ಕಣ್ಣು ಊದಿಸಿಕೊಂಡಿದ್ದ ಹುಡುಗಿ ಆ ದಿನ ಮೊದಲ ಬಾರಿ ನಕ್ಕಿದ್ದು ಆಗ. ಪಕ್ಕದಲ್ಲಿ ಕೋಶಗಳನ್ನು ಸಾಲಾಗಿ ತೂಗುಹಾಕಿ, ಚಿಟ್ಟೆ ಹೊರಬರುವುದನ್ನು ನೋಡಲು ಗಾಜಿನ ಗೂಡೊಂದನ್ನು ಮಾಡಿದ್ದಾರೆ. ಅದರ ಮುಂದೆ ಅವಳು ಇಪ್ಪತ್ತು ನಿಮಿಷ ಕದಲಲಿಲ್ಲ.

ಈ ತೋಟಕ್ಕೆ ಹೊತ್ತು ನೋಡಿಕೊಂಡು ಹೋಗಬೇಕು. ಕತ್ತಲಾದ ಮೇಲೆ ಚಿಟ್ಟೆಗಳು ಎಲೆಗಳ ಅಡಿಯಲ್ಲಿ ಸೇರಿಕೊಂಡು ಸುಮ್ಮನಾಗಿಬಿಡುತ್ತವೆ. ಸಿಂಗಪುರ ಭೂಮಧ್ಯರೇಖೆಗೆ ಸಮೀಪವಿರುವುದರಿಂದ ವರ್ಷದ ಎಲ್ಲ ಕಾಲದಲ್ಲೂ ಸಂಜೆ ಏಳರ ಸುಮಾರಿಗೆ ಕತ್ತಲಾಗುತ್ತದೆ. ರಾತ್ರಿ ಇಳಿಯುವವರು ಈ ತೋಟವನ್ನು ನೆಚ್ಚಿಕೊಳ್ಳದೆ ಆಟದ ಜಾಗಗಳಿಗೆ ಹೋಗುವುದು ಮೇಲು. ಆಟದ ಜಾಗಗಳು ಎಲ್ಲ ಟರ್ಮಿನಲ್‌ಗಳಲ್ಲೂ ಇವೆ. ಮೆತ್ತನೆಯ ನೆಲ, ಹತ್ತಿ ಇಳಿಯಲು ಏಣಿ ಮತ್ತು ಜಾರುಬಂಡೆ ಇದ್ದ ಒಂದು ಕಡೆ ಮಗ ನಲವತ್ತು ನಿಮಿಷ ಅಂಬೆಗಾಲಿಟ್ಟ. ಉಚಿತ ಸಿನಿಮಾ ಮಂದಿರವೂ ಇದೆ, ಈ ವಯಸ್ಸಿನ ಮಕ್ಕಳಿಗೆ ಅದರ ಅಗತ್ಯವಿಲ್ಲ.

ಜ್ಯೂವೆಲ್ ಎಂಬ ಗಾಜಿನ ಗುಮ್ಮಟದೊಳಗಿನ 40 ಮೀಟರ್ ಎತ್ತರದ ಜಲಪಾತದ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ, ಅದನ್ನೇ ನೋಡಬೇಕೆಂದು ಮಕ್ಕಳಿಗೆ ಆಸೆ ಹುಟ್ಟಿಸಿ ಕರೆತರುವವರೂ ಇದ್ದಾರೆ. 2019ರಲ್ಲಿ ತೆರೆದ ಈ ಕಟ್ಟಡ ಇಮಿಗ್ರೇಷನ್‌ನ ಹೊರಗಿದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಒಳಗೇ ಉಳಿಯುವವರಿಗೂ ಒಂದು ದಾರಿಯುಂಟು. ಟರ್ಮಿನಲ್ 2 ಮತ್ತು 3ರ ನಡುವೆ ಓಡುವ ಸ್ಕೈಟ್ರೇನ್ ಎಂಬ ಚಾಲಕನಿಲ್ಲದ ಪುಟ್ಟ ರೈಲು ಜ್ಯೂವೆಲ್‌ನ ಒಳಗಿನಿಂದಲೇ ಹಾದುಹೋಗುತ್ತದೆ. ಅದಕ್ಕೆ ಟಿಕೆಟ್ ಇಲ್ಲ. ನಾವು ಹೇಗೂ ಟರ್ಮಿನಲ್ ಬದಲಾಯಿಸಬೇಕಾಗಿತ್ತು, ಆ ನೀರಿನ ಕಂಬ ಕಿಟಕಿಯ ಪಕ್ಕದಲ್ಲಿ ಕೆಲವೇ ಕ್ಷಣ ಕಾಣಿಸಿಕೊಂಡಿತು. ಮಗಳು ಮತ್ತೊಮ್ಮೆ ನೋಡಬೇಕೆಂದಳು. ಸಮಯವಿದ್ದುದರಿಂದ ಹಿಂದಕ್ಕೆ ಹೋಗಿ ಮತ್ತೆ ಬಂದೆವು. ಟರ್ಮಿನಲ್ 4 ಮಾತ್ರ ಈ ರೈಲಿನ ದಾರಿಯಲ್ಲಿಲ್ಲ, ಅಲ್ಲಿಗೆ ಬಸ್ಸಿನಲ್ಲಿ ಹೋಗಬೇಕು. ನಿಮ್ಮ ಎರಡು ವಿಮಾನಗಳಲ್ಲಿ ಒಂದು ಅಲ್ಲಿಂದ ಇದ್ದರೆ ಇನ್ನಷ್ಟು ಹೊತ್ತು ಕೈಯಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಹೊಸಬರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಚಾಂಗಿಯ 1, 2 ಮತ್ತು 3ನೇ ಟರ್ಮಿನಲ್‌ಗಳಲ್ಲಿ ಕೈಚೀಲಗಳ ತಪಾಸಣೆ ನಡೆಯುವುದು ಗೇಟಿನ ಬಳಿ, ವಿಮಾನ ಹತ್ತುವುದಕ್ಕೆ ಸ್ವಲ್ಪ ಮೊದಲು. ನಲ್ಲಿಯ ನೀರು ಅಲ್ಲಿ ನಿರಾತಂಕವಾಗಿ ಕುಡಿಯಬಹುದಾದದ್ದು, ಆದರೆ ತುಂಬಿಸಿಕೊಂಡ ಬಾಟಲಿಯನ್ನು ಗೇಟಿನ ಮುಂದೆ ಖಾಲಿ ಮಾಡಲೇಬೇಕು. ಮಗುವಿಗೆ ಪ್ರಯಾಣದಲ್ಲಿ ಬೇಕಾಗುವಷ್ಟು ಹಾಲು ಮತ್ತು ಆಹಾರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ, ಅವನ್ನು ಚೀಲದಿಂದ ಹೊರಗೆ ತೆಗೆದು ತೋರಿಸಿದರೆ ಸಾಕು. ಅಲ್ಲಿ ತಳ್ಳುಗಾಡಿಯನ್ನು ಬಿಟ್ಟು, ಮಗನನ್ನು ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡು ಒಳಗೆ ಹೋದೆ. ಒಬ್ಬರೇ ಬರುವ ತಾಯಂದಿರು ಆ ಜೋಳಿಗೆಯನ್ನು ಮರೆಯದೆ ಇಟ್ಟುಕೊಳ್ಳಬೇಕು.

ಎಂಟೂಕಾಲಿಗೆ ವಿಮಾನ ಹೊರಟಾಗ ಮೆಲ್ಬೋರ್ನ್‌ನಲ್ಲಿ ರಾತ್ರಿ ಹತ್ತೂಕಾಲು. ಮಕ್ಕಳ ದೇಹ ಇನ್ನೂ ಆ ಊರಿನ ಗಡಿಯಾರದಲ್ಲೇ ಇತ್ತು. ಓಡಿ, ಆಡಿ, ಉಂಡು ದಣಿದಿದ್ದ ಇಬ್ಬರೂ ವಿಮಾನ ಮೇಲೇರುವಷ್ಟರಲ್ಲಿ ನಿದ್ದೆಹೋದರು. ಸುಮಾರು ನಾಲ್ಕೂಕಾಲು ಗಂಟೆಯ ಪ್ರಯಾಣದಲ್ಲಿ ಅವರನ್ನು ಎಬ್ಬಿಸಿದ್ದು ನಾನೇ, ಅದೂ ಇಳಿಯಲು ಅರ್ಧ ಗಂಟೆ ಇರುವಾಗ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಇಳಿಯುವಾಗ ಅದು ಹೆಚ್ಚುತ್ತ ಬರುವುದರಿಂದ ಕಿವಿಯ ಪೊರೆ ಒಳಕ್ಕೆ ಒತ್ತಿಕೊಂಡು ನೋಯುತ್ತದೆ. ನುಂಗಿದಾಗ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಒತ್ತಡ ಸರಿಹೋಗುತ್ತದೆ. ಮಲಗಿರುವ ಮಗು ಅಷ್ಟಾಗಿ ನುಂಗುವುದಿಲ್ಲ. ಮಗನಿಗೆ ಹಾಲು ಕೊಟ್ಟೆ. ಮಗಳಿಗೆ ಅಕ್ಕ ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಕಡ್ಡಿಗೆ ಕಟ್ಟಿಕೊಟ್ಟಿದ್ದ ಚಿಗಳಿ ಕೊಟ್ಟೆ. ಇಬ್ಬರೂ ಅಳಲಿಲ್ಲ.

ಬೆಂಗಳೂರಿನ ಟರ್ಮಿನಲ್ 2ಕ್ಕೆ ಬಂದಾಗ ರಾತ್ರಿ ಹತ್ತು ಗಂಟೆ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಇಲ್ಲಿಗೇ ಬರುತ್ತಿವೆ. ಇಮಿಗ್ರೇಷನ್ ಸಾಲಿನಲ್ಲಿ ನನ್ನ ಎದೆಯ ಮೇಲಿದ್ದ ಮಗುವನ್ನು ನೋಡಿ ಸಿಬ್ಬಂದಿಯೊಬ್ಬರು "ಬನ್ನಿ ಅಮ್ಮಾ, ಈ ಕಡೆ ಬನ್ನಿ" ಎಂದು ಮುಂದಕ್ಕೆ ಕರೆದುಕೊಂಡು ಹೋದರು. ಆರು ವಾರಗಳ ನಂತರ ಹೊರಗಿನವರ ಬಾಯಲ್ಲಿ ಕೇಳಿದ ಮೊದಲ ಕನ್ನಡದ ಮಾತು ಅದಾಗಿತ್ತು, ನನಗೆ ಗಂಟಲು ಕಟ್ಟಿಬಂತು.

ಮೆಲ್ಬೋರ್ನ್‌ನ ಚಳಿಗಾಲದಲ್ಲಿ ಆ ಊರಿಗೂ ನಮಗೂ ನಾಲ್ಕೂವರೆ ಗಂಟೆಯ ಅಂತರ. ಅಲ್ಲಿ ಬೆಳಿಗ್ಗೆ ಏಳಕ್ಕೆ ಏಳುತ್ತಿದ್ದ ಮಕ್ಕಳು ಇಲ್ಲಿ ನಸುಕಿನ ಎರಡೂವರೆಗೆ ಎದ್ದು ಕೂರುತ್ತಿದ್ದರು. ಸಂಜೆ ಮಲಗುವ ಹೊತ್ತನ್ನು ದಿನಕ್ಕೆ ಒಂದು ಗಂಟೆಯಂತೆ ಮುಂದೂಡುತ್ತ, ಸಂಜೆಯ ಬಿಸಿಲಿನಲ್ಲಿ ಅಂಗಳದಲ್ಲಿ ಆಡಿಸುತ್ತ ಬಂದದ್ದರಿಂದ ಐದನೆಯ ದಿನಕ್ಕೆ ಸರಿಹೋಯಿತು. ಆ ನಸುಕುಗಳಲ್ಲಿ ಮಗಳು ಅಜ್ಜಿಯ ಹಾಸಿಗೆಗೆ ಹೋಗಿ, ಚಿಟ್ಟೆ ತನ್ನ ಬೆರಳನ್ನು ನಾಲಿಗೆಯಿಂದ ಹೇಗೆ ಮುಟ್ಟಿತೆಂದು ಅಜ್ಜಿಯ ಅಂಗೈ ಮೇಲೆ ಗೀರಿ ತೋರಿಸುತ್ತಿದ್ದಳು. ಮುಂದಿನ ವರ್ಷ ಅಕ್ಕನ ಮನೆಗೆ ಹೋಗುವ ಟಿಕೆಟ್ಟನ್ನು ಇದೇ ದಾರಿಯಲ್ಲಿ, ಹಗಲಿನಲ್ಲಿ ನಾಲ್ಕು ಗಂಟೆಗೆ ಕಡಿಮೆಯಿಲ್ಲದ ಬಿಡುವು ಇಟ್ಟುಕೊಂಡು ಮಾಡಿಸಬೇಕೆಂದಿದ್ದೇವೆ.