ಸಾಮಾನ್ಯ ಕ್ರೀಡಾ ಮಳಿಗೆಯಲ್ಲಿ ಗಾಲ್ಫ್ ಬಟ್ಟೆ: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಗಾಲ್ಫ್ ಆಡಲು ಬೇಕಾದ ಬಟ್ಟೆಯಲ್ಲಿ ಹೆಚ್ಚಿನ ಪಾಲು ಸಾಮಾನ್ಯ ಕ್ರೀಡಾ ಮಳಿಗೆಯಲ್ಲೇ ಸಿಗುತ್ತದೆ. ಅದು ಗಾಲ್ಫ್ ಎಂಬ ಫಲಕದ ಕೆಳಗೆ ಇರುವುದಿಲ್ಲ, ಅಷ್ಟೇ. ಟೆನಿಸ್, ಚಾರಣ, ಓಟದ ವಿಭಾಗಗಳಲ್ಲಿ ಹಂಚಿಹೋಗಿರುತ್ತದೆ. ಹಲವು ವರ್ಷ ತೊಟ್ಟು, ಒಗೆದು, ಸವೆಸಿ ನೋಡಿದ ಮೇಲಿನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಪೋಲೋ ಅಂಗಿ, ಪ್ಯಾಂಟು, ತೆಳು ಮೇಲಂಗಿ, ಕಾಲುಚೀಲ, ಟೋಪಿಗಳನ್ನು ಧೈರ್ಯವಾಗಿ ಇಲ್ಲಿ ಕೊಳ್ಳಬಹುದು. ಮಳೆ ಜಾಕೆಟ್, ಶೂ, ಗ್ಲೌಸ್ ಮೂರನ್ನು ಮಾತ್ರ ಗಾಲ್ಫ್‌ಗೆಂದೇ ತಯಾರಾದದ್ದನ್ನೇ ಹುಡುಕಬೇಕು.

ದೊಡ್ಡ ಕಂಪನಿಗಳಿಗೆ ಗಾಲ್ಫ್ ಉಡುಪು ಹೊಸದೇನಲ್ಲ. ನೈಕಿ 2016ರಲ್ಲಿ ಗಾಲ್ಫ್ ಕ್ಲಬ್ (ಚೆಂಡು ಹೊಡೆಯುವ ಕೋಲು), ಚೆಂಡು, ಬ್ಯಾಗ್‌ಗಳ ತಯಾರಿಕೆ ನಿಲ್ಲಿಸಿತು. ಅಡಿಡಾಸ್ 2017ರಲ್ಲಿ ಟೇಲರ್‌ಮೇಡ್ ಕಂಪನಿಯನ್ನು ಮಾರಿತು. ಇಬ್ಬರೂ ಬಟ್ಟೆ ಮತ್ತು ಶೂಗಳನ್ನು ಮಾತ್ರ ಉಳಿಸಿಕೊಂಡರು. ಪೂಮಾ, ಅಂಡರ್ ಆರ್ಮರ್‌ಗಳಿಗೂ ಗಾಲ್ಫ್ ಸಾಲುಗಳಿವೆ. ಡೆಕಾಥ್ಲಾನ್‌ಗೆ ಇನೆಸಿಸ್ ಎಂಬ ಸ್ವಂತ ಗಾಲ್ಫ್ ಬ್ರ್ಯಾಂಡೇ ಇದೆ. ಇಷ್ಟಿದ್ದೂ ಮಳಿಗೆಯ ಜಾಗವನ್ನು ಓಟವೂ ಫುಟ್‌ಬಾಲೂ ನುಂಗುವುದರಿಂದ ಗಾಲ್ಫ್‌ಗೆ ಸಿಗುವುದು ಒಂದೆರಡು ಕಂಬಿ, ಅದರಲ್ಲೂ ನಡುವಿನ ಅಳತೆಗಳಷ್ಟೇ. ತೀರಾ ಸಣ್ಣ ಅಥವಾ ದೊಡ್ಡ ಮೈಕಟ್ಟಿನವರು ಪಕ್ಕದ ವಿಭಾಗಗಳಲ್ಲಿ ಹುಡುಕದೆ ಬೇರೆ ದಾರಿಯಿಲ್ಲ.

ಹುಡುಕುವ ಮುನ್ನ ಆಡಲಿರುವ ಕ್ಲಬ್ಬಿನ ಉಡುಪಿನ ನಿಯಮ ಓದಿಕೊಳ್ಳಿ. ಬಹುತೇಕ ಕ್ಲಬ್‌ಗಳು ಕೇಳುವುದು ಇಷ್ಟು: ಕಾಲರ್ ಇರುವ ಅಂಗಿ, ಅದನ್ನು ಪ್ಯಾಂಟಿನೊಳಗೆ ಸೇರಿಸಿರಬೇಕು, ಜೀನ್ಸ್ ಬೇಡ, ತೊಡೆಯ ಮೇಲೆ ದೊಡ್ಡ ಜೇಬಿರುವ ಕಾರ್ಗೋ ಬೇಡ, ಟ್ರ್ಯಾಕ್ ಪ್ಯಾಂಟ್ ಬೇಡ, ಚಡ್ಡಿಯಾದರೆ ಮಂಡಿಯ ಹತ್ತಿರದವರೆಗೆ ಇರಬೇಕು. ಗಾಲ್ಫ್ ತಾರೆ ಟೈಗರ್ ವುಡ್ಸ್ 2019ರ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಕೆಂಪು ಮಾಕ್ ನೆಕ್ (ಕಾಲರ್ ಬದಲು ಗಿಡ್ಡ ನೆಟ್ಟನೆ ಕುತ್ತಿಗೆಯಿರುವ ಅಂಗಿ) ತೊಟ್ಟು ಗೆದ್ದರು. ಅದೇ ವರ್ಷ ಅಮೆರಿಕದ ವೃತ್ತಿಪರ ಗಾಲ್ಫ್ ಪಂದ್ಯಗಳನ್ನು ನಡೆಸುವ ಪಿಜಿಎ ಟೂರ್ ಅಭ್ಯಾಸದ ಸುತ್ತುಗಳಲ್ಲಿ ಚಡ್ಡಿಗೆ ಒಪ್ಪಿಗೆ ಕೊಟ್ಟಿತು. ಹಾಗೆಂದು ನಿಮ್ಮ ಕ್ಲಬ್ಬೂ ಒಪ್ಪಿದೆ ಎಂದುಕೊಳ್ಳಬೇಡಿ. ಮಾಕ್ ನೆಕ್, ಜಾಗರ್ (ಕಣಕಾಲಿಗೆ ಬಿಗಿಯುವ ಪ್ಯಾಂಟು), ಕಾಲರಿಲ್ಲದ ಅಂಗಿ, ಈ ಮೂರರ ಬಗ್ಗೆ ಕೇಳಿ ತಿಳಿದ ಮೇಲೆಯೇ ಕೊಳ್ಳಿ.

ಈಗ ಪೋಲೋ. ಟೆನಿಸ್ ವಿಭಾಗದ ಪೋಲೋಗಳು ಗಾಲ್ಫ್‌ಗೆ ಅತಿ ಹತ್ತಿರ. ಎರಡು ಆಟದಲ್ಲೂ ಭುಜ ಪೂರ್ತಿ ತಿರುಗಬೇಕು, ಎರಡರಲ್ಲೂ ಬಿಸಿಲು. ವ್ಯತ್ಯಾಸ ಇರುವುದು ಉದ್ದದಲ್ಲಿ. ಟೆನಿಸ್ ಅಂಗಿಯನ್ನು ಹೊರಗೆ ಬಿಟ್ಟು ತೊಡುವುದರಿಂದ ಅದು ಗಿಡ್ಡ. ಗಾಲ್ಫ್‌ನಲ್ಲಿ ಒಳಗೆ ಸೇರಿಸಿ ತೊಡುತ್ತೇವೆ, ಹಾಗಾಗಿ ಹಿಂಭಾಗ ಕುಂಡಿಯ ನಡುವಿನವರೆಗಾದರೂ ಇಳಿಯಬೇಕು. ಹಿಂದಿನ ಅಂಚು ಮುಂದಿನದಕ್ಕಿಂತ 2ರಿಂದ 4 ಸೆಂಟಿಮೀಟರ್ ಉದ್ದವಿದ್ದರೆ ಇನ್ನೂ ಒಳ್ಳೆಯದು. ಪರೀಕ್ಷೆ ಸುಲಭ: ಟ್ರಯಲ್ ರೂಮಿನಲ್ಲಿ ಅಂಗಿಯನ್ನು ಒಳಗೆ ಸೇರಿಸಿ ಬೆಲ್ಟ್ ಕಟ್ಟಿ, ಎರಡೂ ಕೈಗಳನ್ನು ತಲೆಯ ಮೇಲೆ ಪೂರ್ತಿ ಎತ್ತಿ, ಆಮೇಲೆ ಇಳಿಸಿ. ಅಂಚು ಬೆಲ್ಟಿನಿಂದ ಹೊರಬಂದರೆ ಆ ಅಂಗಿ ಮೈದಾನದಲ್ಲೂ ಪ್ರತಿ ಹೊಡೆತಕ್ಕೂ ಹೊರಬರುತ್ತದೆ.

ಎರಡನೆಯ ಪರೀಕ್ಷೆ ಭುಜದ್ದು, ನನ್ನ ಮಟ್ಟಿಗೆ ಇದೇ ಮುಖ್ಯ. ಹೊಡೆಯುವ ಕೋಲು ಹಿಡಿದಂತೆ ಎರಡು ಅಂಗೈ ಜೋಡಿಸಿ, ಬ್ಯಾಕ್‌ಸ್ವಿಂಗಿನ (ಹೊಡೆಯುವ ಮುನ್ನ ಕೋಲನ್ನು ಹಿಂದಕ್ಕೆ ಎತ್ತುವುದು) ತುದಿಗೆ ಹೋಗಿ ನಿಲ್ಲಿ. ಮುಂದಿನ ಕೈ (ಬಲಗೈ ಆಟಗಾರರಿಗೆ ಎಡಗೈ) ಎದೆಯನ್ನು ಅಡ್ಡ ದಾಟುವಾಗ ಬೆನ್ನಿನ ಮೇಲ್ಭಾಗದಲ್ಲಿ ಬಟ್ಟೆ ಬಿಗಿಯಬಾರದು, ಕಂಕುಳ ಹೊಲಿಗೆ ಕೊರೆಯಬಾರದು. ಬಿಗಿದರೆ ಹೆಚ್ಚಿನವರು ಒಂದು ಅಳತೆ ದೊಡ್ಡದನ್ನು ತೆಗೆದುಕೊಳ್ಳುತ್ತಾರೆ. ಅದರಿಂದ ಹೊಟ್ಟೆಯ ಸುತ್ತ ಜೋಲು ಬರುತ್ತದೆಯೇ ಹೊರತು ಭುಜಕ್ಕೆ ಸಡಿಲ ಸಿಗುವುದು ಕಡಿಮೆ. ಏಕೆಂದರೆ ತೊಂದರೆ ಇರುವುದು ತೋಳು ಕೂಡುವ ಜಾಗದಲ್ಲಿ. ತೋಳಿನ ಕಂಡಿ ಕೆಳಗೆ ಇಳಿದಿದ್ದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೆದ್ದು ಬರುತ್ತದೆ. ಕಂಡಿ ಕಂಕುಳಿಗೆ ಹತ್ತಿರವಿದ್ದರೆ ಕೈಯಷ್ಟೇ ಏಳುತ್ತದೆ. ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ರ‍್ಯಾಗ್ಲಾನ್ ಹೊಲಿಗೆ, ಅಥವಾ ಕಂಕುಳಲ್ಲಿ ವಜ್ರಾಕಾರದ ಚಿಕ್ಕ ತುಂಡು ಸೇರಿಸಿದ ಅಂಗಿ ಸಿಕ್ಕರೆ ಅದನ್ನೇ ಆರಿಸಿ. ಎದೆಯ ಸುತ್ತಳತೆಯಲ್ಲಿ ಮೈಗಿಂತ 8–10 ಸೆಂಟಿಮೀಟರ್ ಹೆಚ್ಚಿದ್ದರೆ ಸಾಕು.

ಬಟ್ಟೆಯ ತೂಕವನ್ನು ಚೀಟಿಯಲ್ಲಿ ಅಥವಾ ಆನ್‌ಲೈನ್ ವಿವರದಲ್ಲಿ ಜಿಎಸ್‌ಎಂ ಎಂದು ಕೊಟ್ಟಿರುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಎಂದು. ಬಿಸಿಲಿಗೆ 140ರಿಂದ 160 ಸರಿ. 120ಕ್ಕಿಂತ ಕಡಿಮೆಯಾದರೆ ತಿಳಿ ಬಣ್ಣದ ಅಂಗಿ ಬೆವರಿಗೆ ಅಂಟಿ ಮೈ ಕಾಣುತ್ತದೆ. 200 ದಾಟಿದ ಹತ್ತಿಯ ಪಿಕೆ (ಸಣ್ಣ ಉಬ್ಬುತಗ್ಗಿನ ಹೆಣಿಗೆ) ಪೋಲೋ ತಂಪು ಹೊತ್ತಿಗೆ ಚೆನ್ನ, ಬಿಸಿಲಲ್ಲಿ ಬೆವರು ಕುಡಿದು ಭಾರವಾಗುತ್ತದೆ, ಒಣಗುವುದೂ ನಿಧಾನ. ಪಾಲಿಯೆಸ್ಟರ್ ಜೊತೆ 5–10 ಶೇಕಡಾ ಎಲಾಸ್ಟೇನ್ (ಹಿಗ್ಗುವ ಎಳೆ) ಇರುವುದು ಆಟಕ್ಕೆ ಹೇಳಿ ಮಾಡಿಸಿದ್ದು. ಅದರ ದೋಷ ವಾಸನೆ. ಪಾಲಿಯೆಸ್ಟರ್ ಎಳೆ ಮೈಯ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ವಾಸನೆ ಸಹಿಸದವರಿಗೆ ಹತ್ತಿ-ಪಾಲಿಯೆಸ್ಟರ್ ಬೆರಕೆ ವಾಸಿ. ಬಿಸಿಲಿನ ರಕ್ಷಣೆಗೆ ಯುಪಿಎಫ್ 50 ಎಂದು ಬರೆದಿದ್ದರೆ ನೇರಳಾತೀತ ಕಿರಣಗಳ ಐವತ್ತನೇ ಒಂದು ಪಾಲು ಮಾತ್ರ ದಾಟುತ್ತದೆ ಎಂದರ್ಥ. ಒಂದು ರೌಂಡ್ ಎಂದರೆ ನಾಲ್ಕು ಗಂಟೆಗೂ ಹೆಚ್ಚು ಬಿಸಿಲು, ಆದ್ದರಿಂದ ಈ ಸಂಖ್ಯೆಯನ್ನು ಗಮನಿಸಿ. ಬಟ್ಟೆ ಬಿಗಿದು ಹಿಗ್ಗಿದಾಗ ಈ ರಕ್ಷಣೆ ಇಳಿಯುತ್ತದೆ, ಹಾಗಾಗಿ ಮೈಗಂಟುವ ಅಂಗಿ ಇಲ್ಲೂ ನಷ್ಟವೇ.

ಕಾಲರ್ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಪೋಲೋ ಸಾಯುವುದು ಅಲ್ಲಿಂದಲೇ. ಉದ್ದುದ್ದ ಏಣುಗಳಿರುವ ರಿಬ್ ಹೆಣಿಗೆಯ ಒಂಟಿ ಪದರದ ಕಾಲರ್ ಕೆಲವು ತೊಳೆತಕ್ಕೇ ತುದಿ ಸುರುಳಿಯಾಗುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ಅಂಗಿಯದೇ ಬಟ್ಟೆಯನ್ನು ಎರಡು ಪದರ ಮಡಿಸಿ, ನಡುವೆ ಕ್ಯಾನ್ವಾಸ್ ಇಟ್ಟು, ಕುತ್ತಿಗೆ ಪಟ್ಟಿಯೊಂದಿಗೆ ಹೊಲಿದ ಕಾಲರ್ ಆಕಾರ ಕಳೆದುಕೊಳ್ಳುವುದು ಬಹಳ ತಡವಾಗಿ. ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರೆ ಎರಡು ಪದರ ತಿಳಿಯುತ್ತದೆ. ಫುಟ್‌ಬಾಲ್ ತಂಡಗಳ ತರಬೇತಿ ಪೋಲೋಗಳನ್ನು ಬಿಡಿ. ಎದೆಯ ಮೇಲಿನ ದೊಡ್ಡ ಪ್ರಾಯೋಜಕರ ಹೆಸರಿಗೆ ಕೆಲವು ಕ್ಲಬ್‌ಗಳು ಆಕ್ಷೇಪಿಸುತ್ತವೆ, ಬಿಸಿ ಒತ್ತಿ ಅಂಟಿಸಿದ ಆ ಅಕ್ಷರಗಳು ಒಗೆತಕ್ಕೆ ಬಿರುಕು ಬಿಡುತ್ತವೆ.

ಪ್ಯಾಂಟಿಗೆ ಚಾರಣದ ವಿಭಾಗಕ್ಕೆ ಹೋಗಿ. ಅಲ್ಲಿನ ನೈಲಾನ್-ಎಲಾಸ್ಟೇನ್ ಪ್ಯಾಂಟುಗಳು ಹಗುರ, ಬೇಗ ಒಣಗುತ್ತವೆ, ಮುಳ್ಳುಪೊದೆಯಲ್ಲಿ ಚೆಂಡು ಹುಡುಕಿದರೂ ತಾಳುತ್ತವೆ. ಸವೆತದಲ್ಲಿ ನೈಲಾನ್ ಪಾಲಿಯೆಸ್ಟರಿಗಿಂತ ಗಟ್ಟಿ. ಆದರೆ ಹತ್ತರಲ್ಲಿ ಏಳೆಂಟು ಪ್ಯಾಂಟುಗಳು ಉಡುಪಿನ ನಿಯಮಕ್ಕೇ ಸೋಲುತ್ತವೆ: ತೊಡೆಯ ಜೇಬು, ಮಂಡಿಯಲ್ಲಿ ಬಿಚ್ಚುವ ಜಿಪ್, ಸೊಂಟಕ್ಕೆ ಲಾಡಿ, ಕಣಕಾಲಿಗೆ ಎಲಾಸ್ಟಿಕ್. ಇವು ಯಾವುದೂ ಇಲ್ಲದ, ಪ್ರಯಾಣಕ್ಕೆ ಎಂದು ಹೆಸರಿಟ್ಟ ಸಾದಾ ಪ್ಯಾಂಟು ಅದೇ ಕಂಬಿಯಲ್ಲಿ ಇರುತ್ತದೆ. ಹುಡುಕಬೇಕಾದದ್ದು ಅದನ್ನೇ. ಬಟ್ಟೆಯನ್ನು ಕೈಯಲ್ಲಿ ಉಜ್ಜಿದಾಗ ಸರಸರ ಸದ್ದು ಬಂದರೆ ಬೇಡ. ಪಟ್ ಮಾಡುವಾಗ, ಅಂದರೆ ಚೆಂಡನ್ನು ಕುಳಿಯತ್ತ ಮೆಲ್ಲಗೆ ಉರುಳಿಸುವಾಗ, ಆ ಸದ್ದು ನಿಮಗೂ ಪಕ್ಕದವರಿಗೂ ಕಿರಿಕಿರಿ.

ಬೆಲ್ಟ್ ಕುಣಿಕೆ 35 ಮಿಲಿಮೀಟರ್ ಬೆಲ್ಟನ್ನು ಒಪ್ಪಬೇಕು. ಚಾರಣದ ಪ್ಯಾಂಟಿನಲ್ಲಿ 25ರ ಪಟ್ಟಿಗೆ ಸಾಕಾಗುವ ಕುಣಿಕೆಗಳೇ ಹೆಚ್ಚು, ಮನೆಗೆ ಬಂದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಜೇಬಿನ ಬಾಯಿ ಮತ್ತು ಆಳ ಎರಡನ್ನೂ ನೋಡಿ. ಚೆಂಡಿನ ವ್ಯಾಸ ಕನಿಷ್ಠ 42.67 ಮಿಲಿಮೀಟರ್, ಎರಡು ಚೆಂಡು ಹಾಕಿ ಕುಕ್ಕರಗಾಲಲ್ಲಿ ಕೂತರೆ ಅವು ಜಾರಿ ಹೊರಬರಬಾರದು, ತೊಡೆಗೆ ಒತ್ತಲೂಬಾರದು. ಚೆಂಡನ್ನು ಎತ್ತಿ ನಿಲ್ಲಿಸಲು ನೆಲಕ್ಕೆ ಚುಚ್ಚುವ ಕಡ್ಡಿ, ಅಂದರೆ ಟೀ, ಸಾಮಾನ್ಯವಾಗಿ 70 ಮಿಲಿಮೀಟರ್, ಮೊನೆ ಚೂಪು. ಬಲೆಯ ಒಳಜೇಬಿದ್ದರೆ ಆ ಮೊನೆ ಬಲೆಯನ್ನು ಚುಚ್ಚಿ ತೊಡೆಗೆ ತಾಗುತ್ತದೆ, ಕೊನೆಗೆ ತೂತೂ ಆಗುತ್ತದೆ. ಗಟ್ಟಿ ಬಟ್ಟೆಯ ಒಳಜೇಬೇ ಬೇಕು. ತೊಡೆಸಂದಿನಲ್ಲಿ ನಾಲ್ಕು ಹೊಲಿಗೆ ಒಂದೇ ಬಿಂದುವಿಗೆ ಬಂದು ಸೇರುವ ಪ್ಯಾಂಟು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಬಗ್ಗಿ ಚೆಂಡು ಉರುಳುವ ದಾರಿ ನೋಡುವಾಗ ಅಲ್ಲೇ ಹರಿಯುತ್ತದೆ. ಅಲ್ಲಿ ಪ್ರತ್ಯೇಕ ತುಂಡು ಸೇರಿಸಿದ್ದರೆ ಎಳೆತ ಹಂಚಿಹೋಗಿ ಹೊಲಿಗೆ ಉಳಿಯುತ್ತದೆ. ಉದ್ದ ಶೂವಿನ ಮೇಲೆ ಸ್ವಲ್ಪ ಕೂರುವಷ್ಟು ಇರಲಿ, ನೆಲ ಮುಟ್ಟಬಾರದು; ಬೆಳಗಿನ ಇಬ್ಬನಿಯಲ್ಲಿ ಅಂಚು ಮೊಣಕಾಲವರೆಗೆ ನೀರು ಎಳೆದುಕೊಳ್ಳುತ್ತದೆ.

ಹೆಂಗಸರ ವಿಭಾಗದಲ್ಲಿ ಟೆನಿಸ್ ಸ್ಕಾರ್ಟ್ (ಒಳಗೆ ಚಡ್ಡಿ ಸೇರಿಸಿದ ಸ್ಕರ್ಟ್) ಚೆನ್ನಾಗಿ ಒದಗುತ್ತದೆ. ಒಳಚಡ್ಡಿಯಲ್ಲಿ ಟೆನಿಸ್ ಚೆಂಡಿಗೆಂದು ಇಟ್ಟ ಜೇಬಿನಲ್ಲಿ ಗಾಲ್ಫ್ ಚೆಂಡು ಸಲೀಸಾಗಿ ಕೂರುತ್ತದೆ. ಅಡ್ಡಿ ಉದ್ದದ್ದು: ಟೆನಿಸ್‌ನವು ಸುಮಾರು 30–33 ಸೆಂಟಿಮೀಟರ್, ಗಾಲ್ಫ್‌ಗೆಂದು ಮಾಡಿದವು 40ರ ಆಸುಪಾಸು. ಬಗ್ಗಿ ಚೆಂಡೆತ್ತುವ ಆಟದಲ್ಲಿ ಆ ವ್ಯತ್ಯಾಸ ಸಣ್ಣದಲ್ಲ, ಕ್ಲಬ್ಬಿನ ನಿಯಮವೂ ಇರಬಹುದು. ತೋಳಿಲ್ಲದ ಅಂಗಿಗೆ ಕಾಲರ್ ಇದ್ದರೆ ಸಾಮಾನ್ಯವಾಗಿ ನಡೆಯುತ್ತದೆ, ಬೆನ್ನು ತೆರೆದ ರೇಸರ್‌ಬ್ಯಾಕ್ ನಡೆಯುವುದಿಲ್ಲ. ಲೆಗಿಂಗ್ಸ್ ಮಾತ್ರ ಹಲವು ಕಡೆ ನಿಷಿದ್ಧ, ಹಲವದರಲ್ಲಿ ಜೇಬೂ ಇರುವುದಿಲ್ಲ. ಪ್ಯಾಂಟು ಕೊಳ್ಳುವಾಗ ಜೇಬಿಗೆ ಕೈ ಹಾಕಿ ನೋಡಿ, ಬರೀ ಹೊಲಿಗೆಯ ಗೆರೆಯಾಗಿರುವ ಸುಳ್ಳು ಜೇಬುಗಳು ತುಂಬ.

ಚಳಿಗೆ ಓಟದ ವಿಭಾಗದ ಅರ್ಧ ಜಿಪ್‌ನ ಮೇಲಂಗಿ ಉತ್ತಮ. ಹೆಬ್ಬೆರಳಿಗೆ ತೂತಿರುವುದು ಬೇಡ, ಹಿಡಿತಕ್ಕೆ ಅಡ್ಡ ಬರುತ್ತದೆ. ತೋಳಿಲ್ಲದ ಗಾಳಿತಡೆ ಜಾಕೆಟ್ ಇನ್ನೂ ಉತ್ತಮ: ಮುಂಡ ಬೆಚ್ಚಗಿರುತ್ತದೆ, ಭುಜ ಸ್ವತಂತ್ರ. ಕಾಲುಚೀಲವೂ ಓಟದವರದ್ದೇ ತೆಗೆದುಕೊಳ್ಳಿ. ಒಂದು ರೌಂಡಿನ ಹದಿನೆಂಟು ಹೋಲ್ (ಕುಳಿ) ನಡೆದು ಮುಗಿಸಿದರೆ 8ರಿಂದ 10 ಕಿಲೋಮೀಟರ್ ಆಗುತ್ತದೆ, ಬೆರಳ ತುದಿಯಲ್ಲಿ ದಪ್ಪ ಹೊಲಿಗೆಯಿರುವ ಸಾದಾ ಕಾಲುಚೀಲ ಗುಳ್ಳೆ ಎಬ್ಬಿಸುತ್ತದೆ.

ಮಳೆ ಜಾಕೆಟ್‌ನಲ್ಲಿ ಚಾರಣದ್ದು ಏಕೆ ಸಾಲದು ಎಂದರೆ, ಅದು ಬೆನ್ನಿಗೆ ಚೀಲ ಹೊತ್ತು ನಡೆಯುವವರಿಗಾಗಿ ಕತ್ತರಿಸಿದ್ದು. ಬಟ್ಟೆ ಪೆಡಸು, ಎತ್ತರದ ಕಾಲರ್ ಗಲ್ಲಕ್ಕೆ ಉಜ್ಜುತ್ತದೆ, ಟೋಪಿ ಕುತ್ತಿಗೆಯ ಹಿಂದೆ ಜಗ್ಗುತ್ತದೆ, ಮುಂಗೈಯ ಅಗಲ ಪಟ್ಟಿ ಕ್ಲಬ್ಬಿನ ಹಿಡಿಗೆ ತಾಗುತ್ತದೆ. ಗಾಲ್ಫ್ ಜಾಕೆಟ್ ಮೆದು, ಹಿಗ್ಗುತ್ತದೆ, ಸದ್ದಿಲ್ಲ. ಯಾವುದನ್ನೇ ಕೊಂಡರೂ ನೀರು ತಡೆ (ಬಟ್ಟೆ ಒಸರದೆ ತಾಳುವ ನೀರಿನ ಕಂಬದ ಎತ್ತರ) 10,000 ಮಿಲಿಮೀಟರಿಗೆ ಕಡಿಮೆ ಬೇಡ, ಒಳಗೆ ಎಲ್ಲ ಹೊಲಿಗೆಗೂ ಟೇಪ್ ಇರಲಿ. ಬ್ಯಾಗನ್ನು ಹೆಗಲಿಗೆ ಹಾಕಿ ನಡೆಯುವವರಿಗೆ ಮೊದಲು ನೀರಿಳಿಯುವುದು ಪಟ್ಟಿ ಒತ್ತುವ ಭುಜದಲ್ಲೇ. ಒತ್ತಡ ಹೆಚ್ಚಿದಷ್ಟೂ ಕಡಿಮೆ ಅಂಕದ ಬಟ್ಟೆ ಬೇಗ ಸೋಲುತ್ತದೆ.

ಶೂವಿನಲ್ಲೂ ರಾಜಿ ಬೇಡ. ಗಟ್ಟಿ ಅಂಕಣದ ಟೆನಿಸ್ ಶೂವಿನ ಅಡಿಯ ಗೆರೆಗಳು ಆಳವಿಲ್ಲ, ಒದ್ದೆ ಹುಲ್ಲಿನಲ್ಲಿ ಜಾರುತ್ತವೆ. ಓಟದ ಶೂವಿನ ದಪ್ಪ ಮೆತ್ತೆ ಸ್ವಿಂಗಿನಲ್ಲಿ ಪಕ್ಕಕ್ಕೆ ಕುಸಿಯುತ್ತದೆ, ಜಾಲರಿಯ ಮೇಲ್ಭಾಗದಿಂದ ಇಬ್ಬನಿ ಒಳಗೆ ಬರುತ್ತದೆ. ಫುಟ್‌ಬಾಲ್ ಬೂಟು ಗ್ರೀನನ್ನೇ ಕೆಡಿಸುತ್ತದೆ. ಗ್ಲೌಸ್ ವಿಷಯ ಇನ್ನೂ ಸರಳ: ಸೈಕಲ್ಲಿನದ್ದಾಗಲಿ ಜಿಮ್ಮಿನದ್ದಾಗಲಿ ಅಂಗೈಯಲ್ಲಿ ಮೆತ್ತೆ ಇಟ್ಟಿರುತ್ತಾರೆ, ಹಿಡಿ ಕೈಗೆ ಸಿಗುವುದೇ ಇಲ್ಲ.

ಒಗೆಯುವ ಕ್ರಮದಿಂದ ಬಟ್ಟೆಯ ಆಯಸ್ಸು ಎರಡು ಪಟ್ಟು ವ್ಯತ್ಯಾಸವಾಗುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಒಳಮೈ ಹೊರಗೆ ಮಾಡಿ, 30 ಡಿಗ್ರಿ ನೀರಿನಲ್ಲಿ ಒಗೆದು, ನೆರಳಲ್ಲಿ ಒಣಗಿಸಿ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡವೇ ಬೇಡ, ಅದು ಎಳೆಗಳ ಮೇಲೆ ಪದರ ಕಟ್ಟಿ ಬೆವರು ಹೀರಿ ಹರಡುವ ಗುಣವನ್ನೇ ಕೊಲ್ಲುತ್ತದೆ. ಕೂತ ವಾಸನೆಗೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಆಮೇಲೆ ಎಂದಿನಂತೆ ಒಗೆಯಿರಿ. ಬಿಳಿ ಅಂಗಿಯ ಕಾಲರಿನಲ್ಲಿ ಕಾಣುವ ತುಕ್ಕಿನ ಬಣ್ಣದ ಕಲೆ ಬೆವರಿನದ್ದಾಗಿರಬೇಕಿಲ್ಲ. ಸನ್‌ಸ್ಕ್ರೀನಿನಲ್ಲಿರುವ ಅವೊಬೆನ್‌ಜೋನ್ ನೀರಿನಲ್ಲಿರುವ ಕಬ್ಬಿಣದೊಂದಿಗೆ ಸೇರಿ ಆಗುವುದೂ ಉಂಟು. ಇದಕ್ಕೆ ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಕೂರುತ್ತದೆ, ಎಲಾಸ್ಟೇನೂ ಹಾಳು. ವಿನೆಗರ್ ಮತ್ತು ಬ್ಲೀಚನ್ನು ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಕಲೆ ಬೀಳದಂತೆ ತಡೆಯುವುದೇ ಸುಲಭ: ಸನ್‌ಸ್ಕ್ರೀನ್ ಹಚ್ಚಿ, ಒಣಗಿದ ಮೇಲೆ ಅಂಗಿ ತೊಡಿ.

ಕಾಲರಿನ ನಂತರ ಕೆಡುವ ಜಾಗ ಬ್ಯಾಗಿನ ಪಟ್ಟಿ ಉಜ್ಜುವ ಭುಜ, ಅಲ್ಲಿ ಸಣ್ಣ ಸಣ್ಣ ನೂಲಿನ ಉಂಡೆಗಳು ಏಳುತ್ತವೆ. ನಯವಾದ ಮೈಯ ಇಂಟರ್‌ಲಾಕ್ ಹೆಣಿಗೆ ಇದನ್ನು ಪಿಕೆಗಿಂತ ಚೆನ್ನಾಗಿ ತಡೆಯುತ್ತದೆ. ಪ್ಯಾಂಟಿನಲ್ಲಿ ಮೊದಲು ಹೋಗುವುದು ಹಿಂದಿನ ಜೇಬಿನ ಬಾಯಿ, ಅದಕ್ಕೆ ಕಾರಣ ಗ್ಲೌಸ್‌ನ ವೆಲ್ಕ್ರೋ. ಬಿಚ್ಚಿದ ಗ್ಲೌಸನ್ನು ಹಾಗೇ ಜೇಬಿಗೆ ತುರುಕಿದರೆ ಪ್ರತಿ ಸಲ ಒಂದೆರಡು ಎಳೆ ಕಿತ್ತು ಬರುತ್ತವೆ. ಪಟ್ಟಿಯನ್ನು ಮುಚ್ಚಿ, ಅಂಗೈ ಹೊರಗೆ ಬರುವಂತೆ ಮಡಿಸಿ ಇಟ್ಟುಕೊಳ್ಳಿ. ಎಳೆ ಆಗಲೇ ಎದ್ದಿದ್ದರೆ ಕತ್ತರಿಸಬೇಡಿ, ಸೂಜಿಯಿಂದ ಒಳಮೈಗೆ ಎಳೆದುಬಿಡಿ.